ಗಡಿ ದಾಟಿದ ಕರೆಗೆ ಬೆಲೆ ಕಟ್ಟಿದವರು ಯಾರು?

ವಿಮಾನ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುತ್ತದೆ. ಬೆಂಗಳೂರಿನಿಂದ ಹೊರಟ ಪ್ರಯಾಣಿಕ ಮೊಬೈಲ್ ಫೋನ್ ಚಾಲೂ ಮಾಡುತ್ತಾನೆ. ಅರೆ ನಿಮಿಷದಲ್ಲಿ ಟಿಣ್ ಎಂದು ಒಂದು ಸಂದೇಶ: 'ಜರ್ಮನಿಗೆ ಸ್ವಾಗತ'. ಬೆನ್ನಿಗೇ ದರಪಟ್ಟಿ. ಕರೆ ಮಾಡಿದರೆ ನಿಮಿಷಕ್ಕೆ ಇಷ್ಟು, ಮನೆಯವರೇ ಕರೆ ಮಾಡಿದರೂ ಇಷ್ಟು, ಇಂಟರ್‌ನೆಟ್ ತೆರೆದರೆ ಇನ್ನಷ್ಟು. 'ಸುಖವಾಗಿ ತಲುಪಿದೆ' ಎಂದು ಮನೆಗೆ ಹೇಳುವ ಆಸೆಯನ್ನು ನುಂಗಿಕೊಂಡು ಆತ ಫೋನನ್ನು ಆರಿಸಿ ಕಿಸೆಗೆ ಹಾಕುತ್ತಾನೆ. ವಿದೇಶಕ್ಕೆ ಹೋದ ಅದೆಷ್ಟೋ ಜನ ವರ್ಷಗಟ್ಟಲೆ ಮಾಡಿದ್ದು ಇದನ್ನೇ.

ಮೊಬೈಲ್ ಹುಟ್ಟಿದ್ದೇ ಎಲ್ಲಿದ್ದರೂ ಮಾತಾಡಲೆಂದು. ಹಾಗಿದ್ದೂ ಅದು ಅತ್ಯಂತ ಅಗತ್ಯವೆನಿಸುವ ಪರಊರಿನಲ್ಲೇ ಕೈಕೊಡುವುದೇಕೆ? ದೂರ ಹೆಚ್ಚಾದದ್ದರಿಂದ ಖರ್ಚೂ ಹೆಚ್ಚಾಯಿತು ಎಂದು ನಾವು ಸುಲಭವಾಗಿ ಒಪ್ಪಿಕೊಂಡುಬಿಡುತ್ತೇವೆ. ಆದರೆ 'ರೋಮಿಂಗ್' ಎಂಬ ಈ ವ್ಯವಸ್ಥೆಯ ಚರಿತ್ರೆಯನ್ನು ಕೆದಕಿದರೆ ಬೇರೆಯೇ ಸಂಗತಿ ಕಾಣುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕಾರ್ಡಿಗೆ ಬಂದ ಗುರುತು

1980ರ ದಶಕದಲ್ಲಿ ಯೂರೋಪಿನ ಒಂದೊಂದು ದೇಶದಲ್ಲಿ ಒಂದೊಂದು ಬಗೆಯ ಮೊಬೈಲ್ ಜಾಲವಿತ್ತು. ಜರ್ಮನಿಯ ಕಾರಿನಲ್ಲಿ ಕೂರಿಸಿದ ಫೋನು ಫ್ರಾನ್ಸಿನ ಗಡಿ ದಾಟಿದರೆ ಕೇವಲ ಪೆಟ್ಟಿಗೆ. ಇದಕ್ಕೆ ಹೊರತಾಗಿದ್ದುದು ಉತ್ತರದ ನಾರ್ಡಿಕ್ ದೇಶಗಳು. 1981ರಲ್ಲಿ ಆರಂಭವಾದ ಅಲ್ಲಿನ 'ಎನ್‌ಎಂಟಿ' ಜಾಲದಲ್ಲಿ ಸ್ವೀಡನ್ನಿನ ಫೋನು ನಾರ್ವೆಯಲ್ಲೂ ಕೆಲಸ ಮಾಡುತ್ತಿತ್ತು.

ಇಡೀ ಯೂರೋಪಿಗೆ ಒಂದೇ ವ್ಯವಸ್ಥೆ ಬೇಕೆಂದು 1982ರಲ್ಲಿ ತಜ್ಞರ ಒಂದು ತಂಡ ರಚನೆಯಾಯಿತು. ಮುಂದೆ ಜಗತ್ತಿಗೇ ಪರಿಚಿತವಾದ 'ಜಿಎಸ್‌ಎಂ' ಎಂಬ ಹೆಸರು ಬಂದದ್ದು ಈ ತಂಡದಿಂದಲೇ. 1987ರ ಸೆಪ್ಟೆಂಬರ್ 7ರಂದು ಕೋಪನ್‌ಹೇಗನ್‌ನಲ್ಲಿ 13 ದೇಶಗಳ ದೂರವಾಣಿ ಸಂಸ್ಥೆಗಳು ಒಪ್ಪಂದಕ್ಕೆ ಸಹಿ ಹಾಕಿದವು. 1991ರ ಜುಲೈ 1ರಂದು ಫಿನ್‌ಲೆಂಡಿನ ಮಾಜಿ ಪ್ರಧಾನಿ ಹ್ಯಾರಿ ಹೊಲ್ಕೇರಿ ಈ ಜಾಲದ ಮೊದಲ ಕರೆ ಮಾಡಿದರು. ಮರುವರ್ಷವೇ ಫಿನ್‌ಲೆಂಡಿನ ಟೆಲಿಕಾಂ ಸಂಸ್ಥೆ ಮತ್ತು ಬ್ರಿಟನ್ನಿನ ವೊಡಾಫೋನ್ ನಡುವೆ ಮೊದಲ ರೋಮಿಂಗ್ ಒಪ್ಪಂದ ಏರ್ಪಟ್ಟಿತು.

ಜಿಎಸ್‌ಎಂ ತಂದ ದೊಡ್ಡ ಬದಲಾವಣೆ ಎಂದರೆ ಸಿಮ್ ಕಾರ್ಡು. ಅಲ್ಲಿಯವರೆಗೆ ಸಾಮಾನ್ಯವಾಗಿ ಚಂದಾದಾರನ ಗುರುತು ಫೋನಿನೊಳಗೇ ಹುದುಗಿರುತ್ತಿತ್ತು. ಈಗ ಅದು ಫೋನಿನಿಂದ ಬೇರ್ಪಟ್ಟು ಒಂದು ಕಾರ್ಡಿಗೆ ಬಂತು. ಕಂಪೆನಿಗಳಿಗೆ ದೇಶದೇಶಗಳಲ್ಲಿ ತಮ್ಮ ಗ್ರಾಹಕನನ್ನು ಗುರುತಿಸಿ ಬಿಲ್ ಕಳಿಸಲು ಇದರಿಂದ ಅನುಕೂಲವಾಯಿತು. ಆದರೆ ಅದೇ ಕಾರ್ಡನ್ನು ತೆಗೆದು ಬೇರೆ ಕಾರ್ಡು ಹಾಕಿಕೊಳ್ಳುವ ಅವಕಾಶವನ್ನೂ ಅದು ಗ್ರಾಹಕನಿಗೆ ಕೊಟ್ಟಿತು. ಬೀಗವನ್ನೂ ಬೀಗದ ಕೈಯನ್ನೂ ಒಟ್ಟಿಗೆ ಕೊಟ್ಟಂತೆ!

ಬಿಲ್ಲಿನ ಒಳಗುಟ್ಟು

ರೋಮಿಂಗ್ ನಡೆಯುವ ಬಗೆ ಹೀಗೆ. ಪರದೇಶದಲ್ಲಿ ಫೋನ್ ಚಾಲೂ ಮಾಡಿದಾಗ ಅದು ತನ್ನ ಸಿಮ್ಮಿನ ಗುರುತಿನ ಸಂಖ್ಯೆಯನ್ನು ಅಲ್ಲಿನ ಟವರಿಗೆ ಹೇಳುತ್ತದೆ. ಆ ಸಂಖ್ಯೆಯ ಮೊದಲ ಮೂರು ಅಂಕಿಗಳು ದೇಶದ ಸೂಚಕ. ಭಾರತದ್ದಾದರೆ 404 ಅಥವಾ 405. ಅಲ್ಲಿನ ಕಂಪೆನಿ ತಕ್ಷಣ ನಮ್ಮ ಊರಿನ ಕಂಪೆನಿಯನ್ನು 'ಇವನು ನಿಮ್ಮವನೇ, ಸೇವೆ ಕೊಡಬಹುದೇ' ಎಂದು ವಿಚಾರಿಸುತ್ತದೆ. ಹೌದೆಂದು ಉತ್ತರ ಬಂದರೆ ಅತಿಥಿಗೆ ಪ್ರವೇಶ. ಇಷ್ಟೆಲ್ಲ ಮುಗಿಯಲು ಕೆಲವೇ ಕ್ಷಣ ಸಾಕು.

ಪ್ಯಾರಿಸ್ಸಿನ ಐಫೆಲ್ ಗೋಪುರದ ಕೆಳಗೆ ಇಬ್ಬರು ಭಾರತೀಯರು ನೂರು ಅಡಿ ಅಂತರದಲ್ಲಿ ನಿಂತಿದ್ದಾರೆ ಎನ್ನಿ. ಇಬ್ಬರ ಬಳಿಯೂ ಇರುವುದು ಭಾರತದ ಸಿಮ್. ಒಬ್ಬರು ಇನ್ನೊಬ್ಬರಿಗೆ ಕರೆ ಮಾಡಿದರೆ, ಹಳೆಯ ಪದ್ಧತಿಯಲ್ಲಿ ಆ ಕರೆ ಪ್ಯಾರಿಸ್ಸಿನಿಂದ ಭಾರತಕ್ಕೆ ಬಂದು, ಅಲ್ಲಿಂದ ಮತ್ತೆ ಪ್ಯಾರಿಸ್ಸಿಗೆ ಮರಳುತ್ತಿತ್ತು. ಕರೆ ಮಾಡಿದವರೂ ಹಣ ತೆರಬೇಕು, ಎತ್ತಿಕೊಂಡವರೂ ತೆರಬೇಕು. ಕೂಗಿ ಕರೆದರೆ ಆಗುತ್ತಿದ್ದ ಕೆಲಸ!

ಬೆಲೆ ನಿಗದಿಯಾಗುತ್ತಿದ್ದುದು ಹೇಗೆ? ಅತಿಥಿಗೆ ಸೇವೆ ಕೊಟ್ಟ ಕಂಪೆನಿ ಅವನ ಊರಿನ ಕಂಪೆನಿಗೆ ಸಗಟು ದರದಲ್ಲಿ ಬಿಲ್ ಕಳಿಸುತ್ತದೆ. ಊರಿನ ಕಂಪೆನಿ ಅದರ ಮೇಲೆ ತನ್ನ ಲಾಭ ಸೇರಿಸಿ ಗ್ರಾಹಕನಿಂದ ವಸೂಲಿ ಮಾಡುತ್ತದೆ. ದರ ಗೊತ್ತುಮಾಡುವವರು ಇಬ್ಬರೂ ಕಂಪೆನಿಗಳೇ. ಹಣ ತೆರುವವನಿಗೆ ಅಲ್ಲಿ ಬಾಯಿಯೇ ಇಲ್ಲ. ಹೊಸ ಫೋನ್ ಸಂಪರ್ಕ ಕೊಳ್ಳುವಾಗ ವರ್ಷಕ್ಕೊಮ್ಮೆ ಹೋಗುವ ವಿದೇಶದ ದರವನ್ನು ಯಾರು ತಾನೇ ವಿಚಾರಿಸುತ್ತಾರೆ? ವಿಚಾರಿಸುವವರಿಲ್ಲದ ಕಡೆ ಪೈಪೋಟಿಯೂ ಇರುವುದಿಲ್ಲ.

ಕಿಸೆ ಉಳಿಸುವ ಉಪಾಯಗಳು

ಬಾಯಿಲ್ಲದವರು ಉಪಾಯ ಹುಡುಕಿದರು. ಅದರಲ್ಲಿ ಭಾರತೀಯರು ಯಾರಿಗೂ ಕಡಿಮೆಯಿರಲಿಲ್ಲ. ನಮ್ಮಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರ ಜುಲೈ 31ರಂದು, ಕೊಲ್ಕತ್ತದಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖರಾಂ ಅವರಿಗೆ ಮಾಡಿದ ಕರೆಯೊಂದಿಗೆ. ಬಂದ ಕರೆಗೂ ಹಣ ಕೊಡುವ ಪದ್ಧತಿ ದೇಶದೊಳಗೇ 2003ರವರೆಗೆ ಇತ್ತು. ಒಂದೇ ಸಲ ರಿಂಗಣಿಸಿ ಇಟ್ಟುಬಿಡುವ 'ಮಿಸ್ಡ್ ಕಾಲ್' ನಮಗೆ ಒಂದು ಭಾಷೆಯೇ ಆಯಿತು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಮಂಗಳೂರು, ಉಡುಪಿ, ಭಟ್ಕಳದವರ ಮನೆಗಳಲ್ಲಿ ಒಂದು ರಿಂಗ್ ಎಂದರೆ 'ಕ್ಷೇಮ' ಎಂಬಂಥ ಏರ್ಪಾಟುಗಳು ಯಾರಿಗೂ ಹೊಸದೇನಲ್ಲ.

ಎರಡನೆಯ ಉಪಾಯ ಕರೆ ಕಾರ್ಡು. ಅಂಗಡಿಯಲ್ಲಿ ಕೊಂಡ ಕಾರ್ಡಿನ ಬೆಳ್ಳಿಬಣ್ಣವನ್ನು ಉಗುರಿನಿಂದ ಕೆರೆದು, ಅದರಡಿಯ ಗುಟ್ಟಿನ ಸಂಖ್ಯೆ ಒತ್ತಿ ಊರಿಗೆ ಮಾತಾಡುವುದು. ಮೂರನೆಯದು, ಹೋದ ದೇಶದಲ್ಲಿ ಇಳಿದ ಕೂಡಲೇ ಅಲ್ಲಿನದೇ ಸಿಮ್ ಕೊಳ್ಳುವುದು. ಅಗ್ಗದ ದಾರಿ ಇದೇ, ಆದರೆ ತೊಡಕಿಲ್ಲದ್ದಲ್ಲ. ಕಂಪೆನಿಯಿಂದ ಕಂತಿನಲ್ಲಿ ಕೊಂಡ ಫೋನಾದರೆ ಬೇರೆ ಸಿಮ್ ಸ್ವೀಕರಿಸದಂತೆ ಅದಕ್ಕೆ ಬೀಗ ಹಾಕಿರುತ್ತಿದ್ದರು. ಅಮೆರಿಕದ ಜಿಎಸ್‌ಎಂ ತರಂಗಾಂತರಗಳು ಬೇರೆಯಾದ್ದರಿಂದ ನಮ್ಮ ಎಷ್ಟೋ ಫೋನುಗಳು ಅಲ್ಲಿ ಮೂಕವಾಗುತ್ತಿದ್ದವು. ಜಪಾನಿನಲ್ಲಿ ಜಿಎಸ್‌ಎಂ ಜಾಲವೇ ಇರಲಿಲ್ಲ. ಅಲ್ಲಿಗೆ ಹೋದವರು ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಫೋನ್ ಪಡೆಯಬೇಕಿತ್ತು. ಸಾಲದ್ದಕ್ಕೆ, ಹೊಸ ಸಿಮ್ ಹಾಕಿದರೆ ಊರಿನ ನಂಬರಿಗೆ ಬಂದ ಕರೆ ಸಿಗುವುದಿಲ್ಲ. ಈ ಕಷ್ಟ ಕಳೆದದ್ದು ಎರಡು ಸಿಮ್ ಹಿಡಿಯುವ ಫೋನುಗಳು ಬಂದಮೇಲೆ.

ಕಾನೂನು ಮಧ್ಯೆ ಬಂತು

ಈ ಉಪಾಯಗಳೆಲ್ಲ ತಿಳಿದವರಿಗೆ ಮಾತ್ರ. ತಿಳಿಯದವರ ಗತಿ? ಯೂರೋಪಿನಲ್ಲಿ ಈ ಪ್ರಶ್ನೆ ರಾಜಕೀಯದ ಅಂಗಳಕ್ಕೆ ಬಂತು. ಅಲ್ಲಿ ದೇಶಗಳು ಚಿಕ್ಕವು, ಗಡಿಗಳು ಹತ್ತಿರ. ಬೆಳಿಗ್ಗೆ ಗಡಿ ದಾಟಿ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಮರಳುವವರು ಬಹಳ. ಗಡಿಯಂಚಿನ ಊರಿನಲ್ಲಿ ಮನೆಯೊಳಗೆ ಕೂತಿದ್ದರೂ ಫೋನು ಪಕ್ಕದ ದೇಶದ ಟವರನ್ನು ಹಿಡಿದು ಬಿಲ್ ಏರಿಸುತ್ತಿತ್ತು. ಜನ ಮತ್ತು ಸರಕು ಮುಕ್ತವಾಗಿ ಓಡಾಡುವ ಒಕ್ಕೂಟದಲ್ಲಿ ಮಾತಿಗೆ ಮಾತ್ರ ಸುಂಕವೇಕೆ ಎಂದು ಯೂರೋಪಿಯನ್ ಆಯೋಗದ ಸದಸ್ಯೆ ವಿವಿಯನ್ ರೆಡಿಂಗ್ ಪಟ್ಟು ಹಿಡಿದರು.

2007ರ ಜೂನ್ 30ರಂದು ಜಾರಿಗೆ ಬಂದ ಕಾನೂನು ತೆರಿಗೆ ಬಿಟ್ಟು ಹೊರಹೋಗುವ ಕರೆಗೆ ನಿಮಿಷಕ್ಕೆ 49 ಸೆಂಟ್, ಒಳಬರುವ ಕರೆಗೆ 24 ಸೆಂಟ್ ಮೀರಬಾರದೆಂದು ಮಿತಿ ಹಾಕಿತು. ವೊಡಾಫೋನ್ ಮತ್ತಿತರ ದೊಡ್ಡ ಕಂಪೆನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. 2010ರ ಜೂನ್‌ನಲ್ಲಿ ಯೂರೋಪಿಯನ್ ನ್ಯಾಯಾಲಯ ಕಾನೂನನ್ನೇ ಎತ್ತಿಹಿಡಿಯಿತು. ಇಂಟರ್‌ನೆಟ್ ಬಳಸಿ ಗಾಬರಿ ಹುಟ್ಟಿಸುವ ಬಿಲ್ ಪಡೆಯುವುದನ್ನು ತಪ್ಪಿಸಲು ಅದೇ ವರ್ಷ ಇನ್ನೊಂದು ನಿಯಮ ಬಂತು. ಗ್ರಾಹಕ ಬೇರೆ ಹೇಳದ ಹೊರತು ತಿಂಗಳ ಡೇಟಾ ಖರ್ಚು 50 ಯೂರೋ ತಲುಪಿದಾಗ ಸಂಪರ್ಕ ಕಡಿಯಬೇಕು.

ಮಿತಿ ವರ್ಷ ವರ್ಷ ಇಳಿಯಿತು. ಕೊನೆಗೆ 2017ರ ಜೂನ್ 15ರಂದು ಒಕ್ಕೂಟದೊಳಗೆ ರೋಮಿಂಗ್ ಹೆಚ್ಚುವರಿ ಶುಲ್ಕವೇ ರದ್ದಾಯಿತು. ಪ್ರವಾಸಿಗಳು ಮನೆಯಲ್ಲಿ ಕೊಡುವ ದರವನ್ನೇ ಹೊರಗೂ ಕೊಟ್ಟರೆ ಸಾಕು. 2022ರಲ್ಲಿ ಈ ನಿಯಮವನ್ನು 2032ರವರೆಗೆ ಮುಂದುವರಿಸಲಾಯಿತು. ಗಮನಿಸಬೇಕಾದ ಒಂದು ಲೆಕ್ಕವಿದೆ. ಕಂಪೆನಿಗಳ ನಡುವಿನ ಸಗಟು ದರಕ್ಕೆ 2007ರಲ್ಲಿ ಹಾಕಿದ ಮಿತಿ ನಿಮಿಷಕ್ಕೆ ಸರಾಸರಿ 30 ಸೆಂಟ್. 2017ರಲ್ಲಿ ಅದು 3.2 ಸೆಂಟ್. ಅದೇ ಭೂಮಿ, ಅದೇ ದೂರ. ಬೆಲೆ ಮಾತ್ರ ಹತ್ತರಲ್ಲೊಂದು ಪಾಲು. ಕಂಪೆನಿಗಳು ಬಾಗಿಲು ಮುಚ್ಚಲಿಲ್ಲ.

ಕಾನೂನು ಹೋದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಒಕ್ಕೂಟದಿಂದ ಬ್ರಿಟನ್ ಹೊರಬಂದು, 2020ರ ಕೊನೆಗೆ ಈ ರಕ್ಷಣೆ ತಪ್ಪಿತು. ಮುಂದಿನ ಎರಡು ವರ್ಷಗಳೊಳಗೆ ಅಲ್ಲಿನ ಹಲವು ದೊಡ್ಡ ಕಂಪೆನಿಗಳು ಯೂರೋಪಿನ ರೋಮಿಂಗ್ ಶುಲ್ಕವನ್ನು ಮತ್ತೆ ತಂದವು. ಕೊಲ್ಲಿ ಸಹಕಾರ ಮಂಡಳಿಯ ಆರು ದೇಶಗಳೂ 2016ರಲ್ಲಿ ತಮ್ಮೊಳಗಿನ ರೋಮಿಂಗ್ ದರಗಳನ್ನು ಇಳಿಸಿದವು. ಆದರೆ ಇಡೀ ಜಗತ್ತಿಗೆ ಅನ್ವಯಿಸುವ ಇಂಥ ಕಾನೂನು ಇಲ್ಲ.

ಕಾರ್ಡೇ ಇಲ್ಲದ ಸಿಮ್

ಕಾನೂನು ಇಲ್ಲದ ಕಡೆ ನೆರವಿಗೆ ಬಂದದ್ದು ಇಂಟರ್‌ನೆಟ್. 2003ರಲ್ಲಿ ಬಂದ ಸ್ಕೈಪ್, ಕರೆಯನ್ನು ದೂರವಾಣಿ ಕಂಪೆನಿಗಳ ಲೆಕ್ಕದ ಪುಸ್ತಕದಿಂದಲೇ ಹೊರಗೆ ಒಯ್ದಿತು. 2025ರ ಮೇ ತಿಂಗಳಲ್ಲಿ ಸ್ಕೈಪ್ ಮುಚ್ಚಿತಾದರೂ ಅದು ತೋರಿದ ದಾರಿಯಲ್ಲಿ ಬಂದ ವಾಟ್ಸ್‌ಆ್ಯಪ್ ಮನೆಮಾತಾಗಿದೆ. ಇನ್ನು ಸಿಮ್ ಕಾರ್ಡಿನದೇ ರೂಪಾಂತರ: ಫೋನಿನೊಳಗೇ ಅಡಗಿರುವ 'ಇ-ಸಿಮ್'. 2018ರಿಂದ ಐಫೋನುಗಳಲ್ಲೂ ಬಂದ ಈ ವ್ಯವಸ್ಥೆಯಲ್ಲಿ, ಹೋಗುವ ದೇಶದ ಡೇಟಾ ಸಂಪರ್ಕವನ್ನು ಮನೆಯಲ್ಲಿ ಕೂತೇ ಕೊಳ್ಳಬಹುದು.

ಇಂದು ವಿದೇಶಕ್ಕೆ ಹೊರಡುವವರು ಮಾಡಬೇಕಾದದ್ದು ಇಷ್ಟೇ. ಊರಿನ ಸಿಮ್ಮನ್ನು ಬ್ಯಾಂಕಿನ ಗುಟ್ಟಿನ ಸಂಖ್ಯೆಯ ಸಂದೇಶಗಳಿಗಾಗಿ ಇಟ್ಟುಕೊಂಡು, ಅದರ ಡೇಟಾ ರೋಮಿಂಗ್ ಆರಿಸಿರಬೇಕು. ಕೆಲವೇ ದಿನದ ಪ್ರವಾಸಕ್ಕೆ ನಮ್ಮ ಕಂಪೆನಿಯ ಪ್ಯಾಕ್ ಅಥವಾ ಇ-ಸಿಮ್, ತಿಂಗಳುಗಟ್ಟಲೆ ಇರುವವರಿಗೆ ಅಲ್ಲಿನದೇ ಸಿಮ್. ಹೊರಡುವ ಮುನ್ನ ಮೂರರ ದರವನ್ನೂ ಹೋಲಿಸಿ ನೋಡಬೇಕು. ಫೋನಿಗೆ ಬೀಗವಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಆದರೆ ಮೊದಲ ಸಲ ವಿಮಾನ ಹತ್ತಿ ಮಗಳ ಬಾಣಂತನಕ್ಕೆ ಹೊರಟ ತಾಯಿಗೆ ಇದೆಲ್ಲ ಯಾರು ಹೇಳಿಕೊಡುತ್ತಾರೆ? ಉಪಾಯ ಬಲ್ಲವನಿಗೆ ಕರೆ ಅಗ್ಗ, ಅರಿಯದವರಿಗೆ ಇಂದಿಗೂ ದುಬಾರಿ. ಕಾನೂನು ಮಾತ್ರ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅದು ಎಲ್ಲೆಡೆ ಬರುವ ತನಕ, ಆ ತಾಯಿ ಹೊರಡುವ ಮುನ್ನ ಅವಳ ಫೋನನ್ನು ಹತ್ತು ನಿಮಿಷ ಕೈಗೆತ್ತಿಕೊಂಡು ಸರಿಪಡಿಸಿ ಕೊಡುವುದು ಮನೆಯಲ್ಲಿರುವ ಬಲ್ಲವರ ಕೆಲಸ.