ಹೆಡ್‌ಸೆಟ್ ಆಯ್ಕೆ: ಚರಿತ್ರೆ ಕಲಿಸುವ ಪಾಠ

"ಸರ್, ವಿಡಿಯೋ ಆಟಕ್ಕೆ ಯಾವ ಹೆಡ್‌ಸೆಟ್ ಒಳ್ಳೆಯದು?" ನೀವು ವಿಜ್ಞಾನ ಶಿಕ್ಷಕರಾಗಿದ್ದರೆ ಈ ಪ್ರಶ್ನೆಯನ್ನು ಒಮ್ಮೆಯಾದರೂ ಎದುರಿಸಿರುತ್ತೀರಿ. ವಿದ್ಯಾರ್ಥಿಯಾಗಿದ್ದರೆ ನೀವೇ ಕೇಳಿರಬಹುದು. ಅಂಗಡಿಗೆ ಹೋದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಪೆಟ್ಟಿಗೆಯ ಮೇಲೆ '7.1 ಸರೌಂಡ್', '50 ಮಿ.ಮೀ. ಡ್ರೈವರ್', '20 ರಿಂದ 20,000 ಹರ್ಟ್ಸ್' ಎಂಬ ಬರಹಗಳು, ಜೊತೆಗೆ ಮಿನುಗುವ ಬಣ್ಣದ ದೀಪಗಳು. ಇವುಗಳಲ್ಲಿ ಯಾವುದು ಮುಖ್ಯ, ಯಾವುದು ಬರಿಯ ಅಲಂಕಾರ?

ಇದನ್ನು ತಿಳಿಯಲು ಹೆಡ್‌ಸೆಟ್ಟಿನ ಚರಿತ್ರೆಯನ್ನು ನೋಡುವುದು ಒಳ್ಳೆಯ ದಾರಿ. ಅದರ ಒಂದೊಂದು ಭಾಗವೂ ಯಾವುದೋ ಕಾಲದಲ್ಲಿ ಯಾರಿಗೋ ಎದುರಾದ ತೊಂದರೆಗೆ ಪರಿಹಾರವಾಗಿ ಹುಟ್ಟಿದ್ದು. ಆ ತೊಂದರೆ ಏನೆಂದು ಗೊತ್ತಾದರೆ, ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯೂ ಗೊತ್ತಾಗುತ್ತದೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಆಟದ ಲೋಕ ತೀರ ತಡವಾಗಿ ಕೇಳಿತು. ಅದನ್ನು ಕೊನೆಯಲ್ಲಿ ನೋಡೋಣ.

ಹೆಗಲ ಮೇಲಿನ ಭಾರ

1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದರು. ಆ ಕಾಲದ ಟೆಲಿಫೋನಿನ ಶ್ರವಣಭಾಗ ಬಹಳ ಸರಳ. ಅಯಸ್ಕಾಂತಕ್ಕೆ ತಂತಿಯ ಸುರುಳಿ, ಅದರ ಮುಂದೆ ತೆಳುವಾದ ಕಬ್ಬಿಣದ ಪಟಲ. ಸುರುಳಿಯಲ್ಲಿ ವಿದ್ಯುತ್ತು ಏರಿಳಿದಂತೆ ಅಯಸ್ಕಾಂತದ ಸೆಳೆತವೂ ಏರಿಳಿಯುತ್ತದೆ. ಪಟಲ ಕಂಪಿಸಿ ಶಬ್ದವಾಗುತ್ತದೆ.

ಟೆಲಿಫೋನ್ ವಿನಿಮಯ ಕೇಂದ್ರಗಳು ಬಂದ ಮೇಲೆ ಹೊಸ ತೊಂದರೆ ಹುಟ್ಟಿತು. ಒಬ್ಬರ ತಂತಿಯನ್ನು ಇನ್ನೊಬ್ಬರ ತಂತಿಗೆ ಜೋಡಿಸಲು ಕೇಂದ್ರದ ಸಿಬ್ಬಂದಿಗೆ ಎರಡೂ ಕೈ ಬೇಕು. ಕಿವಿಗೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? 1880ರ ದಶಕದಲ್ಲಿ ಅಮೆರಿಕದ ಎಜ್ರಾ ಗಿಲಿಲೆಂಡ್ ಒಂದು ಸಾಧನ ರೂಪಿಸಿದರು. ಬಾಯಿಯ ಮುಂದೆ ಮೈಕ್ರೋಫೋನು, ಒಂದು ಕಿವಿಗೆ ಶ್ರವಣಭಾಗ, ಇಡೀ ಸಾಧನ ಹೆಗಲ ಮೇಲೆ. ತೂಕ ಹಲವು ಪೌಂಡು! 1891ರಲ್ಲಿ ಫ್ರಾನ್ಸಿನ ಅರ್ನೆಸ್ಟ್ ಮರ್ಕಾಡಿಯೆ ಕಿವಿಯೊಳಗೆ ಕೂರುವ, 50 ಗ್ರಾಮಿನಷ್ಟೇ ತೂಗುವ ಜೋಡಿ ಸಾಧನಕ್ಕೆ ಪೇಟೆಂಟ್ ಪಡೆದರು. ಇಂದಿನ ಇಯರ್‌ಫೋನಿನ ಮುತ್ತಜ್ಜ ಅದೇ. ಆ ವಿನಿಮಯ ಕೇಂದ್ರಗಳ ದಪ್ಪ ಪ್ಲಗ್ಗಿನ ಕಿರಿಯ ರೂಪವೇ ಇಂದಿನ 3.5 ಮಿ.ಮೀ. ಪ್ಲಗ್ಗು.

ಹೀಗಾಗಿ ಮೊದಲ ಪ್ರಶ್ನೆ ಶಬ್ದದ್ದಲ್ಲ, ಭಾರದ್ದು. ಆಟದ ಹೆಡ್‌ಸೆಟ್‌ಗಳು ಸಾಮಾನ್ಯವಾಗಿ 250ರಿಂದ 350 ಗ್ರಾಂ ತೂಗುತ್ತವೆ. ಅಂಗಡಿಯಲ್ಲಿ ಒಂದು ನಿಮಿಷ ತಲೆಗಿಟ್ಟು ತೆಗೆದರೆ ಏನೂ ತಿಳಿಯದು. ಹತ್ತು ನಿಮಿಷ ಇಟ್ಟುಕೊಂಡು ನೋಡಿ. ನೆತ್ತಿ ನೋಯುತ್ತದೆಯೆ? ಕಿವಿ ಬೆವರುತ್ತದೆಯೆ? ಕನ್ನಡಕದ ಕಡ್ಡಿ ಒತ್ತುತ್ತದೆಯೆ?

ಎರಡು ಕಿವಿಗಳ ಗುಟ್ಟು

1881ರಲ್ಲಿ ಪ್ಯಾರಿಸ್ಸಿನಲ್ಲಿ ವಿದ್ಯುತ್ತಿನ ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. ಕ್ಲೆಮಾಂ ಆದೆ ಎಂಬ ಎಂಜಿನಿಯರ್ ನಗರದ ಒಪೆರಾ ರಂಗಮಂದಿರದ ವೇದಿಕೆಯ ಅಂಚಿನಲ್ಲಿ ಸಾಲಾಗಿ ಮೈಕ್ರೋಫೋನುಗಳನ್ನಿಟ್ಟು, ತಂತಿಗಳನ್ನು ಪ್ರದರ್ಶನ ಮಂದಿರಕ್ಕೆ ಎಳೆದರು. ಕೇಳುಗರು ಎರಡು ಶ್ರವಣಭಾಗಗಳನ್ನು ಎರಡು ಕಿವಿಗೂ ಹಿಡಿಯಬೇಕು. ಒಂದು ವೇದಿಕೆಯ ಎಡಗಡೆಯ ಮೈಕ್ರೋಫೋನಿನದು, ಇನ್ನೊಂದು ಬಲಗಡೆಯದು. ಗಾಯಕರು ವೇದಿಕೆಯ ಮೇಲೆ ಅತ್ತಿಂದಿತ್ತ ನಡೆದದ್ದು ಕೇಳುಗರಿಗೆ ಕಣ್ಣಿಲ್ಲದೆಯೇ ತಿಳಿಯಿತು.

ಇದು ಹೇಗೆ ಸಾಧ್ಯ? 1907ರಲ್ಲಿ ಲಾರ್ಡ್ ರೇಲಿ ಇದಕ್ಕೆ ವಿವರಣೆ ನೀಡಿದರು. ಬಲಗಡೆಯಿಂದ ಬಂದ ಶಬ್ದ ಬಲಗಿವಿಗೆ ಮೊದಲು ಮುಟ್ಟುತ್ತದೆ. ತಲೆಯನ್ನು ಸುತ್ತಿ ಎಡಗಿವಿಗೆ ಹೋಗಲು ಅದು ಸುಮಾರು 23 ಸೆಂಟಿಮೀಟರ್ ಹೆಚ್ಚು ದೂರ ಸಾಗಬೇಕು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ತಡವಾಗುವುದು ಸೆಕೆಂಡಿನ ಸುಮಾರು 1,500ನೇ ಒಂದು ಭಾಗ ಮಾತ್ರ. ಕಡಿಮೆ ಆವೃತ್ತಿಯ ಶಬ್ದಗಳಿಗೆ ಮಿದುಳು ಈ ಕಾಲವ್ಯತ್ಯಾಸವನ್ನೇ ಬಳಸುತ್ತದೆ. ಹೆಚ್ಚು ಆವೃತ್ತಿಯ ಶಬ್ದಗಳ ಅಲೆಯುದ್ದ ತಲೆಗಿಂತ ಚಿಕ್ಕದು. ಅವುಗಳಿಗೆ ತಲೆಯೇ ಅಡ್ಡ ಬಂದು ಆಚೆಯ ಕಿವಿಗೆ ಶಬ್ದದ ನೆರಳು ಬೀಳುತ್ತದೆ. ಅಲ್ಲಿ ತೀವ್ರತೆಯ ವ್ಯತ್ಯಾಸವೇ ಸುಳಿವು.

ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಒಂದು ಮೀಟರ್ ಉದ್ದದ ರಬ್ಬರ್ ಕೊಳವೆಯ ನಟ್ಟನಡುವೆ ಸೀಮೆಸುಣ್ಣದ ಗುರುತು ಹಾಕಿ. ಗೆಳೆಯರೊಬ್ಬರು ಕಣ್ಣು ಮುಚ್ಚಿ, ಕೊಳವೆ ಬೆನ್ನ ಹಿಂದೆ ಬರುವಂತೆ ಎರಡು ತುದಿಗಳನ್ನು ಕಿವಿಗಳ ಹತ್ತಿರ ಹಿಡಿಯಲಿ. ತುದಿಗಳನ್ನು ಕಿವಿಯೊಳಗೆ ತೂರಿಸಬಾರದು. ಈಗ ಗುರುತಿನಿಂದ 2 ಸೆಂಟಿಮೀಟರ್ ಆಚೆಗೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. ಎಡವೋ ಬಲವೋ ಎಂದು ಸಾಮಾನ್ಯವಾಗಿ ಸರಿಯಾಗಿಯೇ ಹೇಳುತ್ತಾರೆ. ಎರಡು ದಾರಿಗಳ ವ್ಯತ್ಯಾಸ 4 ಸೆಂಟಿಮೀಟರ್. ಕಾಲದ ಲೆಕ್ಕದಲ್ಲಿ ಸೆಕೆಂಡಿನ 8,500ನೇ ಒಂದು ಭಾಗ!

1972ರ 'ಪಾಂಗ್' ಆಟಕ್ಕೆ ಈ ಗುಟ್ಟು ಬೇಕಿರಲಿಲ್ಲ. ಅದರಲ್ಲಿದ್ದದ್ದು ಬರಿಯ 'ಬೀಪ್' ಸದ್ದು. 1990ರ ದಶಕದಲ್ಲಿ 'ಡೂಮ್', 'ಕ್ವೇಕ್' ಮೊದಲಾದ ಆಟಗಳು ಆಟಗಾರನನ್ನು ಕೊಠಡಿ, ಓಣಿಗಳ ನಡುವೆ ನಿಲ್ಲಿಸಿದಾಗ ಎದುರಾಳಿಯ ಹೆಜ್ಜೆ ಯಾವ ಕಡೆಯಿಂದ ಬರುತ್ತಿದೆ ಎಂಬುದೇ ಸೋಲು ಗೆಲುವಿನ ಪ್ರಶ್ನೆಯಾಯಿತು.

ಇಲ್ಲಿ ಒಂದು ತೊಡಕಿದೆ. ನೇರ ಮುಂದಿನಿಂದ ಬಂದ ಶಬ್ದ ಎರಡೂ ಕಿವಿಗೆ ಒಟ್ಟಿಗೆ ಮುಟ್ಟುತ್ತದೆ. ನೇರ ಹಿಂದಿನಿಂದ ಬಂದದ್ದೂ ಅಷ್ಟೆ. ಹಾಗಿದ್ದರೆ ಮುಂದೆ ಹಿಂದೆ ಎಂದು ತಿಳಿಯುವುದು ಹೇಗೆ? ಕಿವಿಯ ಹಾಲೆಯ ಮಡಿಕೆಗಳು ಬೇರೆ ಬೇರೆ ದಿಕ್ಕಿನ ಶಬ್ದದಲ್ಲಿ ಬೇರೆ ಬೇರೆ ಆವೃತ್ತಿಗಳನ್ನು ತಗ್ಗಿಸುತ್ತವೆ, ಹಿಗ್ಗಿಸುತ್ತವೆ. ಮಿದುಳು ಆ ಗುರುತನ್ನು ಬಾಲ್ಯದಿಂದ ಕಲಿತಿರುತ್ತದೆ. ಇಂದಿನ ಹಲವು ಆಟಗಳು ಈ ಬದಲಾವಣೆಯನ್ನು ಲೆಕ್ಕ ಹಾಕಿ ಶಬ್ದಕ್ಕೆ ಬೆರೆಸುತ್ತವೆ. ಇದಕ್ಕೆ ಎಡಕ್ಕೊಂದು ಬಲಕ್ಕೊಂದು ಒಳ್ಳೆಯ ಡ್ರೈವರ್ ಇದ್ದರೆ ಸಾಕು. ಪೆಟ್ಟಿಗೆಯ ಮೇಲಿನ '7.1' ಎಂಬುದು ಬಹುಪಾಲು ಇಂಥ ಲೆಕ್ಕಾಚಾರದ ಹೆಸರೇ ಹೊರತು ಏಳು ಸ್ಪೀಕರುಗಳಲ್ಲ. ಆಟವೇ ಈ ಕೆಲಸ ಮಾಡುತ್ತಿದ್ದರೆ ಹೆಡ್‌ಸೆಟ್ಟಿನಲ್ಲಿ ಅದನ್ನು ಆರಿಸಿ. ಎರಡು ಸಲ ಬೆರೆಸಿದರೆ ದಿಕ್ಕು ಕಲಸಿಹೋಗುತ್ತದೆ.

ಅಡುಗೆಮನೆಯಿಂದ ನೌಕಾಪಡೆಗೆ

ರೇಡಿಯೋ ಬಂದ ಹೊಸತರಲ್ಲಿ ತೊಂದರೆ ಬೇರೆಯಾಗಿತ್ತು. ಸಂಕೇತಗಳು ಅತಿ ಕ್ಷೀಣ. ಅವನ್ನು ವರ್ಧಿಸುವ ಸಾಧನಗಳು ಬಳಕೆಗೆ ಬಂದಿರಲಿಲ್ಲ. 1910ರಲ್ಲಿ ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ ಬಹಳ ಸೂಕ್ಷ್ಮವಾದ ಜೋಡಿ ಶ್ರವಣಭಾಗಗಳನ್ನು ತಮ್ಮ ಅಡುಗೆಮನೆಯಲ್ಲಿ ತಯಾರಿಸಿ ಅಮೆರಿಕದ ನೌಕಾಪಡೆಗೆ ಕಳಿಸಿದರು. ಪರೀಕ್ಷಿಸಿ ಮೆಚ್ಚಿದ ನೌಕಾಪಡೆ ನೂರು ಜೊತೆ ಕೇಳಿತು. ಒಮ್ಮೆಗೆ ಹತ್ತಕ್ಕಿಂತ ಹೆಚ್ಚು ಮಾಡಲಾಗದು ಎಂದು ಬಾಲ್ಡ್‌ವಿನ್ ಉತ್ತರಿಸಿದರು. ಅಡುಗೆಮನೆಯಲ್ಲಿ ಅಷ್ಟೇ ಜಾಗ!

1937ರಲ್ಲಿ ಜರ್ಮನಿಯ ಓಯ್ಗನ್ ಬೇಯರ್ ಅವರ ಸಂಸ್ಥೆ 'ಡಿಟಿ 48' ಎಂಬ ಹೆಡ್‌ಫೋನನ್ನು ಹೊರತಂದಿತು. ಅದರಲ್ಲಿ ಕಬ್ಬಿಣದ ಪಟಲದ ಬದಲು ಹಗುರವಾದ ಪಟಲ. ಅದಕ್ಕೇ ಅಂಟಿಸಿದ ಸುರುಳಿ ಅಯಸ್ಕಾಂತ ಕ್ಷೇತ್ರದೊಳಗೆ ಚಲಿಸುತ್ತದೆ. ಇಂದಿನ ಆಟದ ಹೆಡ್‌ಸೆಟ್‌ಗಳಲ್ಲಿ ಹೆಚ್ಚಿನವು ಇದೇ ತತ್ವದವು. ಆದ್ದರಿಂದ '50 ಮಿ.ಮೀ.' ಎಂಬುದು ಪಟಲದ ಅಳತೆ ಮಾತ್ರ, ಗುಣದ ಅಳತೆಯಲ್ಲ. '20 ರಿಂದ 20,000 ಹರ್ಟ್ಸ್' ಎಂಬ ಬರಹವೂ ಆ ಎಲ್ಲ ಆವೃತ್ತಿಗಳು ಸಮವಾಗಿ ಕೇಳುತ್ತವೆಯೆ ಎಂದು ಹೇಳುವುದಿಲ್ಲ. ಗುಡುಗಿನಂಥ ಮಂದ್ರ ಶಬ್ದವನ್ನು ಅತಿಯಾಗಿ ಹಿಗ್ಗಿಸಿದರೆ ಹೆಜ್ಜೆಯ ಸಪ್ಪಳ ಅದರಡಿ ಮುಚ್ಚಿಹೋಗುತ್ತದೆ. ನಿಮಗೆ ಚೆನ್ನಾಗಿ ಪರಿಚಯವಿರುವ ಹಾಡೊಂದನ್ನು ಹಾಕಿ ಕೇಳಿ. ಪ್ರತಿ ವಾದ್ಯವೂ ಬಿಡಿಬಿಡಿಯಾಗಿ ಕೇಳಿಸಬೇಕು.

ಮುಚ್ಚಿದ ಬಟ್ಟಲು, ತೆರೆದ ಬಟ್ಟಲು

1958ರಲ್ಲಿ ಅಮೆರಿಕದ ಜಾನ್ ಕಾಸ್ ಸಂಗೀತ ಪ್ರಿಯರಿಗಾಗಿ ಸ್ಟೀರಿಯೋ ಹೆಡ್‌ಫೋನನ್ನು ತಂದರು. ಕಿವಿಯನ್ನು ಮುಚ್ಚುವ ಬಟ್ಟಲುಗಳು ಹೊರಗಿನ ಸದ್ದನ್ನು ತಡೆದವು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆ 'ಎಚ್‌ಡಿ 414' ಮಾದರಿಯಲ್ಲಿ ಬಟ್ಟಲಿನ ಹಿಂಭಾಗವನ್ನು ತೆರೆದೇ ಬಿಟ್ಟಿತು. ತೂಕ ಇಳಿಯಿತು, ಶಬ್ದ ತಲೆಯ ಹೊರಗೆ ಹರಡಿದಂತೆ ಕೇಳಿತು. ಆದರೆ ಹೊರಗಿನ ಗದ್ದಲವೂ ಒಳಬಂತು.

ಗದ್ದಲವನ್ನು ಗದ್ದಲದಿಂದಲೇ ಅಳಿಸುವ ಉಪಾಯವೂ ಇದೆ. ಒಂದು ಅಲೆಯ ಉಬ್ಬಿಗೆ ಇನ್ನೊಂದರ ತಗ್ಗು ಸೇರಿದರೆ ಎರಡೂ ಅಡಗುತ್ತವೆ. ಈ ತತ್ವಕ್ಕೆ ಪಾಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಮರಳುತ್ತಿದ್ದ ಪ್ರೊಫೆಸರ್ ಅಮರ್ ಬೋಸ್, ಎಂಜಿನ್ ಗದ್ದಲದಲ್ಲಿ ಸಂಗೀತ ಕೇಳಲಾಗದೆ, ಕುಳಿತಲ್ಲೇ ಲೆಕ್ಕ ಹಾಕತೊಡಗಿದರು. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅವರು. 1989ರಲ್ಲಿ ಅವರ ಸಂಸ್ಥೆಯ ಹೆಡ್‌ಸೆಟ್ ಪೈಲಟ್‌ಗಳ ಬಳಕೆಗೆ ಬಂತು. ಎಂಜಿನ್, ಫ್ಯಾನುಗಳಂಥ ಒಂದೇ ಸಮನೆಯ ಮೊರೆತಕ್ಕೆ ಈ ಉಪಾಯ ಚೆನ್ನಾಗಿ ಒದಗುತ್ತದೆ. ಮಾತು, ಕಿರುಚಾಟಗಳಿಗೆ ಅಷ್ಟಾಗಿ ಅಲ್ಲ.

ನೀವು ಆಡುವ ಕೋಣೆ ಶಾಂತವಾಗಿದ್ದರೆ ತೆರೆದ ಬಟ್ಟಲು ಹಿತ. ಹಾಸ್ಟೆಲು, ರಸ್ತೆಬದಿಯ ಮನೆಯಾದರೆ ಮುಚ್ಚಿದ ಬಟ್ಟಲೇ ಸರಿ. ಗದ್ದಲ ಒಳಬಂದರೆ ನಾವು ಮಾಡುವುದು ಒಂದೇ, ಶಬ್ದವನ್ನು ಏರಿಸುವುದು.

ಬಾಯಿಯ ಮುಂದಿನ ಕಡ್ಡಿ

1961ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೋರ್ಟ್ನಿ ಗ್ರಹಾಂ, ಕೀತ್ ಲಾರ್ಕಿನ್ ಎಂಬ ಇಬ್ಬರು ಪೈಲಟ್‌ಗಳು ಹಗುರವಾದ ಹೆಡ್‌ಸೆಟ್ ತಯಾರಿಸಲು 'ಪೆಸಿಫಿಕ್ ಪ್ಲಾಂಟ್ರಾನಿಕ್ಸ್' ಸಂಸ್ಥೆ ಕಟ್ಟಿದರು. 1969ರಲ್ಲಿ ಚಂದ್ರನ ಮೇಲಿಂದ ನೀಲ್ ಆರ್ಮ್‌ಸ್ಟ್ರಾಂಗ್ ಆಡಿದ ಮಾತು ಆ ಸಂಸ್ಥೆಯ ಹೆಡ್‌ಸೆಟ್ಟಿನ ಮೂಲಕವೇ ಭೂಮಿಗೆ ತಲುಪಿತು. 2002ರಲ್ಲಿ ಮೈಕ್ರೋಸಾಫ್ಟ್ 'ಎಕ್ಸ್‌ಬಾಕ್ಸ್ ಲೈವ್' ಆರಂಭಿಸಿದಾಗ ಅದರ ಪೆಟ್ಟಿಗೆಯಲ್ಲೇ ಮೈಕ್ರೋಫೋನಿರುವ ಹೆಡ್‌ಸೆಟ್ ಇತ್ತು. ದೂರದ ಗೆಳೆಯರೊಡನೆ ಮಾತನಾಡುತ್ತ ಆಡುವುದು ಮನೆಮನೆಗೆ ಬಂತು.

ಮೈಕ್ರೋಫೋನು ಬಾಯಿಯ ಬಳಿ ಕಡ್ಡಿಯ ತುದಿಯಲ್ಲೇಕೆ ಇರಬೇಕು? ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. 50 ಸೆಂಟಿಮೀಟರಿನಿಂದ 5 ಸೆಂಟಿಮೀಟರಿಗೆ ಬಂದರೆ ಮಾತಿನ ತೀವ್ರತೆ 100 ಪಟ್ಟು, ಅಂದರೆ 20 ಡೆಸಿಬೆಲ್ ಹೆಚ್ಚುತ್ತದೆ. ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ.

ನಿಸ್ತಂತು ಹೆಡ್‌ಸೆಟ್ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಸಾಮಾನ್ಯ ಬ್ಲೂಟೂತ್‌ನಲ್ಲಿ ಶಬ್ದ 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರಬಹುದು. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಓಡುತ್ತಿದ್ದರೆ ಅಷ್ಟರಲ್ಲಿ 6ರಿಂದ 12 ಚಿತ್ರಗಳು ದಾಟಿರುತ್ತವೆ. ಜೊತೆಗೆ ಹಳೆಯ ಬಗೆಯ ಬ್ಲೂಟೂತ್‌ನಲ್ಲಿ ಮೈಕ್ರೋಫೋನು ಬಳಸತೊಡಗಿದರೆ ಕೇಳುವ ಶಬ್ದವೂ ಟೆಲಿಫೋನಿನ ಮಟ್ಟಕ್ಕೆ ಇಳಿಯುತ್ತದೆ. ತಂತಿಯದು, ಇಲ್ಲವೆ ಆಟಕ್ಕೆಂದೇ ಬೇರೆ ರೇಡಿಯೋ ಕೊಂಡಿಯಿರುವುದು ಮೇಲು.

ತಡವಾಗಿ ಬಂದ ಪ್ರಶ್ನೆ

ಈಗ ಕೊನೆಗೆ ಉಳಿಸಿದ್ದ ಪ್ರಶ್ನೆಗೆ ಬರೋಣ. ಎಷ್ಟು ಜೋರಾಗಿ, ಎಷ್ಟು ಹೊತ್ತು?

ಒಳಗಿವಿಯ ಕಾಕ್ಲಿಯದಲ್ಲಿ ಸುಮಾರು 15,000 ರೋಮಕೋಶಗಳಿವೆ. ಗಾಳಿಯ ಕಂಪನವನ್ನು ನರದ ಸಂಕೇತವಾಗಿಸುವ ಕೆಲಸಕ್ಕೆ ಇವೇ ಬೇಕು. ಅತಿ ಜೋರಾದ ಶಬ್ದಕ್ಕೆ ಇವು ಸಾಯುತ್ತವೆ. ಕೋಳಿಮರಿಗಳಲ್ಲಿ ಇಂಥ ಕೋಶಗಳು ಮತ್ತೆ ಬೆಳೆಯುತ್ತವೆ ಎಂದು 1988ರಲ್ಲಿ ತಿಳಿಯಿತು. ಮನುಷ್ಯನಲ್ಲಿ ಅವು ಮತ್ತೆ ಬೆಳೆಯುವುದಿಲ್ಲ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ ಕಿವಿಗೆ ಹಾಕುವ ಸಾಧನಗಳಿಗೆ ಒಂದು ಮಾನಕ ಹೊರಡಿಸಿದವು. ಅದರಂತೆ ವಯಸ್ಕರಿಗೆ ವಾರಕ್ಕೆ 40 ಗಂಟೆ ಕೇಳಲು 80 ಡೆಸಿಬೆಲ್ ಮಿತಿ, ಮಕ್ಕಳಿಗೆ 75. ಪ್ರತಿ 3 ಡೆಸಿಬೆಲ್ ಏರಿಕೆಗೆ ಶಕ್ತಿ ಎರಡು ಪಟ್ಟಾಗುವುದರಿಂದ ಹೊತ್ತು ಅರ್ಧವಾಗಬೇಕು. 83 ಡೆಸಿಬೆಲ್ಲಿಗೆ 20 ಗಂಟೆ, 86ಕ್ಕೆ 10, 89ಕ್ಕೆ 5. ಇದು ದಿನದ ಲೆಕ್ಕವಲ್ಲ, ವಾರದ ಲೆಕ್ಕ ಎಂಬುದನ್ನು ಗಮನಿಸಿ. ದಿನಕ್ಕೆ ಮೂರು ಗಂಟೆ ಆಡುವವರು ವಾರಕ್ಕೆ 21 ಗಂಟೆ ಆಡುತ್ತಾರೆ. 86 ಡೆಸಿಬೆಲ್ಲಿನಲ್ಲಿ ಅದು ಮಿತಿಯ ಎರಡು ಪಟ್ಟು.

2024ರಲ್ಲಿ 50,000ಕ್ಕೂ ಹೆಚ್ಚು ಜನರನ್ನು ಒಳಗೊಂಡ 14 ಅಧ್ಯಯನಗಳ ಸಮೀಕ್ಷೆಯೊಂದು ಪ್ರಕಟವಾಯಿತು. ಆಟದ ಶಬ್ದ ಹಲವು ಸಲ ಈ ಮಿತಿಯ ಹತ್ತಿರ ಅಥವಾ ಮಿತಿಯನ್ನು ಮೀರಿ ಇರುತ್ತದೆ ಎಂದು ಅದು ಎಚ್ಚರಿಸಿತು. 2025ರಲ್ಲಿ ವಿಡಿಯೋ ಆಟಗಳಿಗೆಂದೇ ಸುರಕ್ಷಿತ ಶ್ರವಣದ ಮಾನಕ ಬಂತು. 'ಪಾಂಗ್' ಬಂದು ಆಗಲೇ ಅರ್ಧ ಶತಮಾನ ಕಳೆದಿತ್ತು.

ಹಾಗಾದರೆ ಕೊಳ್ಳುವಾಗ ಹೀಗೆ ಕೇಳಿ. ಭಾರ ಹಿತವಾಗಿದೆಯೆ? ಎಡ, ಬಲ ಸಮನಾಗಿವೆಯೆ? ನನ್ನ ಕೋಣೆಗೆ ತೆರೆದದ್ದೋ ಮುಚ್ಚಿದ್ದೋ? ಮೈಕ್ರೋಫೋನು ಬಾಯಿಗೆ ಹತ್ತಿರವೆ? ಶಬ್ದ ತಡವಾಗುವುದಿಲ್ಲ ತಾನೆ? ಎಲ್ಲಕ್ಕಿಂತ ಮುಖ್ಯವಾಗಿ, ಕಡಿಮೆ ಶಬ್ದದಲ್ಲೇ ಹೆಜ್ಜೆಯ ಸಪ್ಪಳ ಸ್ಪಷ್ಟವಾಗಿ ಕೇಳುತ್ತದೆಯೆ? ಇದಕ್ಕೆ 'ಹೌದು' ಎನ್ನುವ ಹೆಡ್‌ಸೆಟ್ಟೇ ಒಳ್ಳೆಯದು. ದೀಪಗಳಿಗೆ ಕೊಡುವ ಹಣ ಉಳಿಸಿ.

ಶಬ್ದದ ಮಟ್ಟವನ್ನು ಆಟಕ್ಕೆ ಮೊದಲೇ ಗೊತ್ತುಮಾಡಿ, ನಡುವೆ ಏರಿಸಬೇಡಿ. ಆಟದ ಸಂಗೀತವನ್ನೂ ಸ್ಫೋಟದ ಸದ್ದನ್ನೂ ಬೇರೆಯಾಗಿ ತಗ್ಗಿಸಬಹುದಾದರೆ ತಗ್ಗಿಸಿ. ಆಟ ಮುಗಿದ ಮೇಲೆ ಕಿವಿಯಲ್ಲಿ 'ಗುಂಯ್' ಎಂದರೆ ಅಂದು ಮಿತಿ ಮೀರಿದೆ ಎಂದೇ ತಿಳಿಯಿರಿ. ಅದು ಮರುದಿನವೂ ಉಳಿದರೆ ಕಿವಿಯ ವೈದ್ಯರನ್ನು ಕಾಣಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಶ್ರವಣ ಪರೀಕ್ಷೆಯ ವ್ಯವಸ್ಥೆಯಿದೆ.

ಶಿಕ್ಷಕರಿಗೊಂದು ಸಲಹೆ. ಹೆಡ್‌ಸೆಟ್ ಬಳಸಿದ ಹೊತ್ತನ್ನು ಒಂದು ವಾರ ದಿನವೂ ಬರೆದಿಡಲು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ. ವಾರದ ಕೊನೆಗೆ ಅದನ್ನು ಕೂಡಿಸಿ, ಮೇಲಿನ ಲೆಕ್ಕದೊಡನೆ ಹೋಲಿಸಿ, ಅಷ್ಟು ಹೊತ್ತಿಗೆ ಎಷ್ಟು ಡೆಸಿಬೆಲ್ ಸಲ್ಲುತ್ತದೆ ಎಂದು ಅವರೇ ಕಂಡುಕೊಳ್ಳಲಿ.