ಕಾಯುವ ಕೆಲಸ: ಆದಿಕಾಂಡದ ಓದು ನಡೆದು ಬಂದ ದಾರಿ

ಸಂಡೇ ಸ್ಕೂಲಿನಲ್ಲಿ ಮಕ್ಕಳು ಮೊದಲು ಕೇಳುವ ಕಥೆಗಳು ಆದಿಕಾಂಡದ ಮೊದಲ 11 ಅಧ್ಯಾಯಗಳವು: ಸೃಷ್ಟಿ, ಏದೆನ್ ತೋಟ, ಕಾಯಿನ ಮತ್ತು ಹೇಬೆಲ, ನೋಹನ ನಾವೆ, ಬಾಬೆಲ್ ಗೋಪುರ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕವು. ಆದರೂ ಇವುಗಳ ಆಧಾರ ಹೇಳಿ ಜನ ಗುಲಾಮರನ್ನು ಇಟ್ಟುಕೊಂಡರು, ಹೆಣ್ಣನ್ನು ಕೆಳಗೆ ಕೂರಿಸಿದರು. ಇವೇ ಕಥೆಗಳಿಂದ ಬಲ ಪಡೆದು ಆ ಅನ್ಯಾಯಗಳನ್ನು ಎದುರಿಸಿದವರೂ ಇದ್ದಾರೆ. ಎರಡು ಸಾವಿರ ವರ್ಷಗಳ ವ್ಯಾಖ್ಯಾನವನ್ನು ನೋಡುತ್ತ ಬಂದಂತೆ ನನಗೆ ಒಂದು ಮಾತು ಖಚಿತವಾಗಿದೆ: ಈ ಕಥೆಗಳನ್ನು ಬದುಕಿಗೆ ಅನ್ವಯಿಸುವಾಗ ಆದ ದೊಡ್ಡ ತಪ್ಪುಗಳಿಗೆ ಬೀಜ ಬಿದ್ದದ್ದು ಅವಸರದ ಓದಿನಲ್ಲಿ. ಅವನ್ನು ತಿದ್ದಿದ್ದು ಮತ್ತೆ ಕೂತು ಮಾಡಿದ ನಿಧಾನದ ಓದು.

ಹಳಬರ ಪ್ರಶ್ನೆಗಳು

ಸೃಷ್ಟಿಕಥೆಯ ಬಗ್ಗೆ ಪ್ರಶ್ನೆ ಎತ್ತಿದ್ದು ಆಧುನಿಕ ವಿಜ್ಞಾನ ಎಂಬ ಭಾವನೆ ನಮ್ಮಲ್ಲಿ ಇದೆ. ಆದರೆ ಸೂರ್ಯ ಹುಟ್ಟಿದ್ದು ನಾಲ್ಕನೆಯ ದಿನವಾದರೆ ಮೊದಲ ಮೂರು ದಿನ ಬೆಳಗು ಬೈಗು ಆದದ್ದು ಹೇಗೆ ಎಂದು ಕ್ರೈಸ್ತ ವಿದ್ವಾಂಸ ಒರಿಗೆನ್ ಕೇಳಿದ್ದು 3ನೆಯ ಶತಮಾನದಲ್ಲಿ. ಅಲೆಕ್ಸಾಂಡ್ರಿಯದ ಯೆಹೂದಿ ವಿದ್ವಾಂಸ ಫಿಲೋ ಹಾಕಿಕೊಟ್ಟ ದಾರಿಯಲ್ಲೇ ಆತ ಕಥೆಯ ಒಳಗೆ ಸಾಂಕೇತಿಕ ಅರ್ಥ ಹುಡುಕಿದ. 4ನೆಯ ಶತಮಾನದ ಬಾಸಿಲ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಕುಶಲಕರ್ಮಿಗಳೂ ಕೂತು ಕೇಳುತ್ತಿದ್ದ ತನ್ನ ಪ್ರಸಂಗಗಳಲ್ಲಿ ಆತ ಹುಲ್ಲನ್ನು ಹುಲ್ಲೆಂದೇ, ಮೀನನ್ನು ಮೀನೆಂದೇ ವಿವರಿಸಿದ.

ಆದಿಕಾಂಡದ ಅಕ್ಷರಾರ್ಥದ ಬಗ್ಗೆಯೇ ಅಗಸ್ಟೀನ್ 12 ಸಂಪುಟ ಬರೆದ. ಅದಕ್ಕೆ ಹಿಡಿದದ್ದು ಸುಮಾರು 15 ವರ್ಷ. ಅದರಲ್ಲಿ ಆತ ಕೊಡುವ ಎಚ್ಚರಿಕೆ ಇಂದಿಗೂ ಹಳತಾಗಿಲ್ಲ: ಗ್ರಹ ನಕ್ಷತ್ರಗಳ ಬಗ್ಗೆ ತಿಳಿದವರ ಎದುರು ಕ್ರೈಸ್ತನೊಬ್ಬ ಶಾಸ್ತ್ರದ ಹೆಸರಿನಲ್ಲಿ ತಪ್ಪು ಮಾತಾಡಿದರೆ, ಪುನರುತ್ಥಾನದ ಬಗ್ಗೆ ಅದೇ ಶಾಸ್ತ್ರ ಹೇಳುವುದನ್ನು ಅವರು ನಂಬುವುದಾದರೂ ಹೇಗೆ? 1554ರ ವ್ಯಾಖ್ಯಾನದಲ್ಲಿ ಕ್ಯಾಲ್ವಿನ್ ಇದೇ ಜಾಡು ಹಿಡಿದ. ಶನಿಗ್ರಹ ಚಂದ್ರನಿಗಿಂತ ದೊಡ್ಡದೆಂದು ಖಗೋಳಜ್ಞರು ತೋರಿಸಿದ್ದಾರೆ. ಆದರೂ ಮೋಶೆ ಚಂದ್ರನನ್ನು ದೊಡ್ಡ ಬೆಳಕೆಂದದ್ದು ಸಾಮಾನ್ಯರ ಕಣ್ಣಿಗೆ ಕಂಡಂತೆ ಬರೆದದ್ದರಿಂದ ಎಂದು ವಿವರಿಸಿದ.

ಮಣ್ಣಿನ ಹಲಗೆಗಳ ಪಾಠ

1753ರಲ್ಲಿ ಝಾನ್ ಆಸ್ಟ್ರುಕ್ ಎಂಬ ಫ್ರೆಂಚ್ ವೈದ್ಯ ಹೆಸರು ಹಾಕದೆ ಒಂದು ಪುಸ್ತಕ ಪ್ರಕಟಿಸಿದ. ಆದಿಕಾಂಡದ ಕೆಲವು ಭಾಗಗಳಲ್ಲಿ ದೇವರಿಗೆ ಒಂದು ಹೆಸರು, ಕೆಲವು ಭಾಗಗಳಲ್ಲಿ ಇನ್ನೊಂದು ಹೆಸರು ಬರುವುದರಿಂದ ಮೋಶೆಯ ಕೈಯಲ್ಲಿ ಬೇರೆ ಬೇರೆ ಹಳೆಯ ಬರಹಗಳಿದ್ದಿರಬೇಕು ಎಂಬುದು ಅವನ ವಾದ. ಈ ಎಳೆ ಬೆಳೆದು 1878ರಲ್ಲಿ ಯೂಲಿಯಸ್ ವೆಲ್‌ಹೌಸೆನ್‌ನ ಕೈಯಲ್ಲಿ ನಾಲ್ಕು ಮೂಲಗಳ ಸಿದ್ಧಾಂತವಾಗಿ ಗಟ್ಟಿಯಾಯಿತು.

ಅಷ್ಟರಲ್ಲಿ 1872ರ ಡಿಸೆಂಬರ್ 3ರಂದು ಲಂಡನ್ನಿನ ಸಭೆಯೊಂದರಲ್ಲಿ, ಪ್ರಧಾನಿ ಗ್ಲ್ಯಾಡ್‌ಸ್ಟನ್ ಎದುರಲ್ಲೇ, ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಸ್ಮಿತ್ ಒಂದು ಮಣ್ಣಿನ ಹಲಗೆಯ ಬರಹ ಓದಿ ಹೇಳಿದ. ಅದು ಗಿಲ್ಗಮೇಶ್ ಕಾವ್ಯದ 11ನೆಯ ಹಲಗೆ. ಅದರಲ್ಲೂ ಪ್ರಳಯ, ನಾವೆ, ಹಾರಿಬಿಟ್ಟ ಹಕ್ಕಿಗಳು ಇದ್ದವು. ಅನೇಕ ವಿಶ್ವಾಸಿಗಳಿಗೆ ದಿಗಿಲಾಯಿತು. ಆದರೆ ಹೋಲಿಸಿ ನೋಡಿದಾಗಲೇ ಆದಿಕಾಂಡದ ಸ್ವಂತ ದನಿ ಚೆನ್ನಾಗಿ ಕೇಳಿಸಿತು. ಅತ್ರಹಾಸಿಸ್ ಎಂಬ ಇನ್ನೊಂದು ಬಾಬಿಲೋನಿಯ ಕಾವ್ಯದಲ್ಲಿ ಮನುಷ್ಯರ ಗದ್ದಲದಿಂದ ನಿದ್ದೆಗೆಟ್ಟ ದೇವರು ಪ್ರಳಯ ತರುತ್ತಾನೆ. ನೋಹನ ಕಥೆಯಲ್ಲಿ ಕಾರಣ ಭೂಮಿಯನ್ನೆಲ್ಲ ತುಂಬಿದ್ದ ಹಿಂಸೆ. ಸುತ್ತಲ ನಾಡುಗಳಲ್ಲಿ ದೇವರ ಪ್ರತಿರೂಪ ಎಂಬುದು ರಾಜನಿಗೆ ಸಲ್ಲುತ್ತಿದ್ದ ಬಿರುದು; ಆದಿಕಾಂಡ ಅದನ್ನು ಗಂಡು ಹೆಣ್ಣೆನ್ನದೆ ಎಲ್ಲ ಮನುಷ್ಯರಿಗೂ ಕೊಟ್ಟಿತು. ಕೂಲಿಯವನಿಗೂ ಈ ಮಾತು ಸಲ್ಲುತ್ತದೆ ಎಂದು ನೆನೆದಾಗ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ.

1901ರಲ್ಲಿ ಹೆರ್ಮನ್ ಗುಂಕೆಲ್ ಈ ಕಥೆಗಳನ್ನು ಬಾಯಿಂದ ಬಾಯಿಗೆ ಹರಿದು ಬಂದ ಜನಪದ ಸಂಪತ್ತಾಗಿ ಓದಿದ. ಕಥೋಲಿಕ ಸಭೆ ಮೊದಲು ಹಿಂಜರಿದರೂ, 1943ರಲ್ಲಿ 12ನೆಯ ಪಯಸ್ ಜಗದ್ಗುರುಗಳು ಆಯಾ ಕಾಲದ ಸಾಹಿತ್ಯ ಪ್ರಕಾರಗಳನ್ನು ಅರಿತು ಓದುವಂತೆ ವಿದ್ವಾಂಸರನ್ನು ಪ್ರೋತ್ಸಾಹಿಸಿದರು.

ಪ್ರಸಂಗಪೀಠದಿಂದ ಬೀದಿಗೆ

1932–33ರ ಚಳಿಗಾಲದಲ್ಲಿ ಡೀಟ್ರಿಕ್ ಬಾನ್‌ಹಾಫರ್ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಆದಿಕಾಂಡದ ಮೊದಲ ಮೂರು ಅಧ್ಯಾಯಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ಆ ದಿನಗಳಲ್ಲೇ, ಜನವರಿ 30ರಂದು, ಹಿಟ್ಲರ್ ಅಧಿಕಾರಕ್ಕೆ ಬಂದ. ದೇವರ ಪ್ರತಿರೂಪವಾಗಿರುವುದೆಂದರೆ ಮತ್ತೊಬ್ಬರಿಗಾಗಿ ಸ್ವತಂತ್ರವಾಗಿರುವುದು ಎಂದು ಅವರು ಆ ಪಾಠದಲ್ಲಿ ವಿವರಿಸಿದರು. ಅದರಂತೆ ಬದುಕಿ, 1945ರ ಏಪ್ರಿಲ್‌ನಲ್ಲಿ ನೇಣುಗಂಬ ಏರಿದರು.

ಇದಕ್ಕೆ ವಿರುದ್ಧವಾದ ಬಳಕೆಯೂ ನಡೆದಿತ್ತು. ನೋಹನ ಮಗ ಹಾಮನ ಶಾಪದ ಹೆಸರಿನಲ್ಲಿ ಅಮೆರಿಕದ ಒಡೆಯರು ಗುಲಾಮಗಿರಿಯನ್ನು ಸಮರ್ಥಿಸಿದರು. ಪಠ್ಯ ತೆರೆದರೆ ನೋಹ ಶಪಿಸಿದ್ದು ಹಾಮನನ್ನಲ್ಲ, ಅವನ ಮಗ ಕಾನಾನನನ್ನು. ಅಲ್ಲಿ ಮೈಬಣ್ಣದ ಸುಳಿವೇ ಇಲ್ಲ. ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಸಭೆ 1974ರ ವರದಿಯಲ್ಲಿ ಬಾಬೆಲ್ ಕಥೆಯನ್ನು ಜನಾಂಗಗಳ ಪ್ರತ್ಯೇಕತೆಗೆ ಆಧಾರ ಮಾಡಿಕೊಂಡಿತು. ಬಾಬೆಲಿನ ಜೊತೆಗೆ ಪಂಚಾಶತ್ತಮ ದಿನದ ಕಥೆಯನ್ನೂ ಓದಬೇಕಿತ್ತು. ಅಲ್ಲಿ ಹಲವು ನುಡಿಯವರು ಒಂದೇ ಕಡೆ ಸೇರಿ ತಂತಮ್ಮ ಭಾಷೆಯಲ್ಲೇ ಸುವಾರ್ತೆ ಕೇಳುತ್ತಾರೆ. ಅದೇ ನಾಡಿನ ಮಿಷನ್ ಸಭೆ 1986ರಲ್ಲಿ ಅಂಗೀಕರಿಸಿದ ಬೆಲ್ಹಾರ್ ವಿಶ್ವಾಸ ಪ್ರಮಾಣ ಐಕ್ಯ, ಸಮಾಧಾನ, ನ್ಯಾಯಗಳನ್ನು ಸಾರಿ ವರ್ಣಭೇದವನ್ನು ನಿರಾಕರಿಸಿತು.

ಹವ್ವಳ ಬಗ್ಗೆಯೂ ಹೀಗೇ ಆಯಿತು. ಆದಾಮನಿಗೆ ‘ಸಹಕಾರಿ’ ಎಂದರೆ ಕೈಕೆಳಗಿನವಳು ಎಂದು ಬೋಧಿಸುತ್ತ ಬಂದಿದ್ದರು. ಮೂಲದ ‘ಏಝೆರ್’ ಎಂಬ ಹೀಬ್ರೂ ಪದವನ್ನು ಕೀರ್ತನೆಗಳು ದೇವರಿಗೇ ಬಳಸುತ್ತವೆ. ದೇವರು ಯಾರ ಕೈಕೆಳಗಿನವನು? ಅಮೆರಿಕದ ಫಿಲಿಸ್ ಟ್ರಿಬಲ್ 1970ರ ದಶಕದಲ್ಲಿ ಈ ಅಂಶವನ್ನು ಎತ್ತಿ ತೋರಿಸಿ ಏದೆನ್ ಕಥೆಯನ್ನು ಹೊಸದಾಗಿ ಓದಿಸಿದರು.

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. 1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಎ. ಪಿ. ನಿರ್ಮಲ್ ಮಾಡಿದ ಭಾಷಣ ದಲಿತ ದೇವಶಾಸ್ತ್ರಕ್ಕೆ ನಾಂದಿಯಾಯಿತು. ಪಠ್ಯ ಆದಿಕಾಂಡದ್ದಲ್ಲದಿದ್ದರೂ ಓದಿನ ರೀತಿ ಅದೇ: ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ತಮ್ಮ ಮೂಲಪುರುಷ ಅಲೆಮಾರಿಯಾಗಿದ್ದನೆಂದು ದೇವರ ಮುಂದೆ ನಾಚದೆ ಒಪ್ಪಿಕೊಳ್ಳುತ್ತಾರೆ. ದಲಿತರೂ ತಮ್ಮ ಹಿರಿಯರ ನೋವನ್ನು ಹಾಗೆಯೇ ವಿಶ್ವಾಸದ ಮಾತಾಗಿ ಹೇಳಬಹುದೆಂದು ನಿರ್ಮಲ್ ತೋರಿಸಿದರು.

ತೋಟ ಮತ್ತು ತಮ್ಮ

1967ರಲ್ಲಿ ಇತಿಹಾಸಕಾರ ಲಿನ್ ವೈಟ್ ಪರಿಸರದ ಬಿಕ್ಕಟ್ಟಿಗೆ ಕ್ರೈಸ್ತ ಚಿಂತನೆಯೇ ದೊಡ್ಡ ಹೊಣೆ ಹೊರಬೇಕು ಎಂದು ಬರೆದಾಗ, ಭೂಮಿಯ ಮೇಲೆ ದೊರೆತನ ಮಾಡಿರಿ ಎಂಬ ಆಜ್ಞೆ ಕಟಕಟೆಗೆ ಬಂತು. ಆ ಆಜ್ಞೆಯನ್ನು ಎರಡನೆಯ ಅಧ್ಯಾಯದ ಬೆಳಕಿನಲ್ಲಿ ಓದಬೇಕೆಂದು ಪೋಪ್ ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರದಲ್ಲಿ ನೆನಪಿಸಿದರು. ಅಲ್ಲಿ ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಉತ್ತು ಕಾಯುವುದಕ್ಕೆ.

‘ಕಾಯುವುದು’ ಎಂಬಲ್ಲಿ ಹೀಬ್ರೂವಿನಲ್ಲಿರುವುದು ‘ಶಾಮರ್’ ಎಂಬ ಧಾತು. ಎರಡು ಅಧ್ಯಾಯ ದಾಟಿದರೆ ಅದೇ ಧಾತು ಕಾಯಿನನ ಬಾಯಲ್ಲಿ ಬರುತ್ತದೆ: ತಮ್ಮನನ್ನು ಕಾಯುವ ಕೆಲಸ ತನ್ನದೇ ಎಂದು ಅವನು ದೇವರನ್ನು ಮರಳಿ ಕೇಳುತ್ತಾನೆ. ಹೊಲ ಕಾಯುವುದಕ್ಕೂ ಕೂಸನ್ನು ಕಾಯುವುದಕ್ಕೂ ಕನ್ನಡದಲ್ಲಿ ಇರುವುದು ಒಂದೇ ಕ್ರಿಯಾಪದ. ಆದ್ದರಿಂದ ಈ ನಂಟು ನಮ್ಮ ಕಿವಿಗೆ ಬೇಗ ಹತ್ತಬೇಕು. ಮಣ್ಣನ್ನು ಕಾಯದವನು ಒಡಹುಟ್ಟಿದವನನ್ನೂ ಕಾಯಲಾರ. ಹೇಬೆಲನ ರಕ್ತ ಕೂಗಿದ್ದು ಆ ಮಣ್ಣಿನಿಂದಲೇ.

ಆರಾಧನೆ ಮುಗಿಯುವಾಗ ಸಭಾಪಾಲಕರು ಕೈಯೆತ್ತಿ ಹೇಳುವ ಆರೋನನ ಆಶೀರ್ವಾದದಲ್ಲೂ ಅದೇ ಧಾತು ಇದೆ. ಅಲ್ಲಿ ಕಾಯುವವನು ದೇವರು. ಪ್ರತಿ ಭಾನುವಾರ ಅದನ್ನು ತಲೆಬಾಗಿ ಕೇಳಿ ಗುಡಿಯ ಮೆಟ್ಟಿಲಿಳಿಯುವ ನಾವು, ಕಾಯಿನ ಕೇಳಿದ ಪ್ರಶ್ನೆಗೆ ಹೌದು ಎನ್ನಬೇಕಾದದ್ದು ಹೊರಗಿನ ಬೀದಿಯಲ್ಲಿ.