ಶಾಲಾ ಸಮವಸ್ತ್ರ: ಬಳ್ಳಾರಿ ಸೀಮೆಯ ಪಶ್ಚಿಮ ತಾಲ್ಲೂಕುಗಳು

ಒಂದು ಶಾಲೆಯ ಮಕ್ಕಳೆಲ್ಲ ಒಂದೇ ಬಣ್ಣ, ಒಂದೇ ಹೊಲಿಗೆಯಲ್ಲಿ ತೊಡಬೇಕೆಂದು ಗೊತ್ತುಮಾಡಿದ ಉಡುಪು ಸಮವಸ್ತ್ರ. ಕಾಗದಪತ್ರದಲ್ಲಿ ಸಮವಸ್ತ್ರ, ಪಟ್ಟಣದ ಬಾಯಲ್ಲಿ ಯೂನಿಫಾರಂ, ಹಳ್ಳಿಯ ಮನೆಗಳಲ್ಲಿ ‘ಸಾಲಿ ಡ್ರೆಸ್ಸು’. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದನ್ನೂ ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ಒಟ್ಟಾಗಿ ‘ಪಶ್ಚಿಮ ತಾಲ್ಲೂಕುಗಳು’ ಎನ್ನುವುದು ರೂಢಿ. ಈಗ ಇವು ವಿಜಯನಗರ ಜಿಲ್ಲೆಯಲ್ಲಿವೆ. ಇಲ್ಲಿನ ಶಾಲಾ ಉಡುಪಿನ ಕಥೆಯನ್ನು ಬಿಸಿಲನ್ನು ಬಿಟ್ಟು ಹೇಳಲಾಗದು.

ಇದು ಮಳೆಯ ನೆರಳಿನ ನಾಡು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಡಗಲಿ, ಹರಪನಹಳ್ಳಿಗಳ ಅಂಚಿನಲ್ಲಿ ತುಂಗಭದ್ರೆ ಹರಿದರೂ ಗಾಳಿ ತಂಪಾಗುವುದು ದಂಡೆಯ ಗದ್ದೆಗಳಷ್ಟೇ ದೂರ. ಕೂಡ್ಲಿಗಿಯ ಕೆಂಪು ಮಸಾರಿ ನೆಲಕ್ಕಂತೂ ಆ ಭಾಗ್ಯವೂ ಇಲ್ಲ. ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಹಳೆಯ ಚಟಾಕಿಯನ್ನು ಈ ಕಡೆಯವರೂ ತಮ್ಮದೆಂದೇ ಹೇಳಿಕೊಳ್ಳುತ್ತಾರೆ. ರಾಜ್ಯದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಬಿಸಿಲಿನ ನೆತ್ತಿಯನ್ನು ರಜೆ ನುಂಗಿಕೊಂಡರೂ ಮಾರ್ಚ್ ತಿಂಗಳು ಪೂರ್ತಿ ಹೊರಗುಳಿಯುತ್ತದೆ. ಪರೀಕ್ಷೆಯ ಕಾಲವೂ ಅದೇ. ಜೂನಿನಲ್ಲಿ ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಶಾಲೆಗೆ ಹೊರಟರೆ ಇಲ್ಲಿನ ಮಕ್ಕಳು ಇನ್ನೂ ಬೆವರು ಒರೆಸಿಕೊಳ್ಳುತ್ತಿರುತ್ತಾರೆ.

ಸಮವಸ್ತ್ರ ಬರುವ ಮುಂಚೆ ಈ ನೆಲಕ್ಕೆ ತನ್ನದೇ ಉಡುಪಿನ ತರ್ಕವಿತ್ತು. ಗಂಡಸರಿಗೆ ಸಡಿಲ ಧೋತರ, ತೆಳ್ಳಗಿನ ಅಂಗಿ, ತಲೆಗೆ ರುಮಾಲು; ಹೆಂಗಸರಿಗೆ ತಲೆಯ ಮೇಲೆ ಸೆರಗು. ಕುರಿ ಕಾಯುವವರು ಕಂಬಳಿ ಕೊಪ್ಪೆ ಹೊದ್ದೇ ಬಿಸಿಲಿಗಿಳಿಯುತ್ತಿದ್ದರು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ನೆರೆಯುವ ಗೊರವಯ್ಯಗಳು ಇಂದಿಗೂ ಕರಿ ಕಂಬಳಿಯ ನಿಲುವಂಗಿಯಲ್ಲೇ ಕುಣಿಯುತ್ತಾರೆ. ಬಯಲುಸೀಮೆಯಲ್ಲಿ ಅತಿ ಹಳೆಯ ‘ಯೂನಿಫಾರಂ’ ಅದೇ ಎಂದು ಯಾರಾದರೂ ವಾದಿಸಿದರೆ ತಳ್ಳಿಹಾಕುವುದು ಕಷ್ಟ. ಆದರೆ ಗೊರವರ ಕಂಬಳಿಯ ಒಳಗೆ ಗಾಳಿ ಆಡುತ್ತದೆ, ಕೊರಳಿಗೆ ಗಂಟಿಲ್ಲ. ಈ ನೆಲದ ತರ್ಕ ಇಷ್ಟೇ: ಮೈಯನ್ನು ಮುಚ್ಚಬೇಕು, ಆದರೆ ಬಿಗಿಯಬಾರದು, ತಲೆಗೆ ನೆರಳಿರಬೇಕು. ಶಾಲೆಯ ಉಡುಪು ಬಂದಾಗ ಮೊದಲು ಹೋದದ್ದು ತಲೆಯ ಮೇಲಿನ ಬಟ್ಟೆ. ಆಮೇಲೆ ಬಿಗಿತ ಬಂತು.

ಸಮವಸ್ತ್ರದ ಮೂಲವನ್ನು ಸಾಮಾನ್ಯವಾಗಿ ಇಂಗ್ಲೆಂಡಿಗೆ ಒಯ್ಯುತ್ತಾರೆ. ಲಂಡನ್ನಿನಲ್ಲಿ 1552ರಲ್ಲಿ ಸ್ಥಾಪನೆಯಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಧರ್ಮಶಾಲೆ ದಿಕ್ಕಿಲ್ಲದ ಬಡ ಮಕ್ಕಳಿಗೆ ಉದ್ದನೆಯ ನೀಲಿ ಕೋಟು ಕೊಟ್ಟಿತು. ನೀಲಿ ಆಗ ಅಗ್ಗದ ಬಣ್ಣ. ದಾನದ ಗುರುತಾಗಿದ್ದ ಬಟ್ಟೆ ಮುಂದೆ ಸಿರಿವಂತರ ಶಾಲೆಗಳಲ್ಲಿ ದೊಡ್ಡಸ್ತಿಕೆಯ ಗುರುತಾಯಿತು. ಈ ಪಲ್ಲಟ ಪಶ್ಚಿಮ ತಾಲ್ಲೂಕುಗಳಲ್ಲೂ ಮರುಕಳಿಸಿದೆ, ಅದೂ ಒಂದೇ ತಲೆಮಾರಿನಲ್ಲಿ.

1953ರ ಅಕ್ಟೋಬರ್ 1ರವರೆಗೆ ಈ ಪ್ರದೇಶ ಮದರಾಸಿಗೆ ಸೇರಿತ್ತು. ಆ ಕಾಲದ ಬೋರ್ಡು ಶಾಲೆಗಳಲ್ಲಿ ಮಕ್ಕಳು ಮನೆಯಲ್ಲಿ ಉಟ್ಟದ್ದನ್ನೇ ಉಟ್ಟು ಬರುತ್ತಿದ್ದರು. ಉಡುಪು ನೋಡಿದರೆ ಮನೆತನ, ಜಾತಿ, ಉಳ್ಳವರೋ ಇಲ್ಲದವರೋ ಎಲ್ಲ ತಿಳಿಯುತ್ತಿತ್ತು. 1916ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘ ಮುಂದೆ ಕೊಟ್ಟೂರು, ಹಡಗಲಿಗಳಲ್ಲಿ ಕಾಲೇಜು ತೆರೆಯಿತು, ಹೈಸ್ಕೂಲುಗಳು ಹೆಚ್ಚಿದವು. ಸ್ವಾತಂತ್ರ್ಯ ಬಂದ ನಂತರದ ದಶಕಗಳಲ್ಲಿ ಹುಡುಗರಿಗೆ ಬಿಳಿ ಅಂಗಿ, ಖಾಕಿ ಚಡ್ಡಿ, ಹುಡುಗಿಯರಿಗೆ ಬಿಳಿ ಜಂಪರು, ನೀಲಿ ಲಂಗ ನಿಧಾನವಾಗಿ ನೆಲೆಗೊಂಡವು. ಹಲವು ಹಳ್ಳಿಗಳಲ್ಲಿ ಅದು ಆಗಸ್ಟ್ 15 ಮತ್ತು ಜನವರಿ 26ರ ಬಟ್ಟೆ, ಉಳಿದ ದಿನ ಇದ್ದರೆ ಇತ್ತು.

ಹವಾಮಾನದ ಲೆಕ್ಕದಲ್ಲಿ ಆ ಬಿಳಿ ಅಂಗಿ, ಖಾಕಿ ಚಡ್ಡಿಯ ಜೋಡಿ ಕೆಟ್ಟದ್ದೇನಲ್ಲ. ಹತ್ತಿ ಬಟ್ಟೆ, ಗಿಡ್ಡ ತೋಳು, ಬರಿ ಮೊಣಕಾಲು. ಕಷ್ಟವಿದ್ದದ್ದು ಮನೆಯಲ್ಲಿ. ಕೂಡ್ಲಿಗಿ ಕಡೆಯ ಕೆಮ್ಮಣ್ಣಿನಲ್ಲಿ ಬಿಳಿ ಅಂಗಿ ಒಂದು ಹೊತ್ತು ಬಿಳಿಯಾಗಿ ಉಳಿಯದು. ಭಾನುವಾರ ಅದನ್ನು ಒಗೆದು, ನೀಲಿ ಹಾಕಿದ ನೀರಿನಲ್ಲಿ ಅದ್ದಿ, ಹಂಚಿನ ಮೇಲೋ ಬೇಲಿಯ ಮೇಲೋ ಹರವುತ್ತಿದ್ದರು. ಒಣಗುವುದಕ್ಕೆ ಅರ್ಧ ತಾಸು ಸಾಕು. ಬಿಸಿಲಿನಿಂದ ಆಗುವ ಉಪಕಾರ ಇದೊಂದೇ. ಇಸ್ತ್ರಿಪೆಟ್ಟಿಗೆ ಇಲ್ಲದ ಮನೆಯಲ್ಲಿ ಹಿತ್ತಾಳೆ ತಂಬಿಗೆಗೆ ಒಲೆಯ ಕೆಂಡ ತುಂಬಿ, ಬಾಯನ್ನು ಅರಿವೆಯಿಂದ ಹಿಡಿದು, ಅಂಗಿಯ ಮೇಲೆ ಉಜ್ಜಿದರೆ ಅದೇ ಇಸ್ತ್ರಿ. ಕೆಂಡ ಹೆಚ್ಚಾದರೆ ಕಾಲರಿನ ಮೇಲೆ ಕಂದು ಗುರುತು ಬೀಳುತ್ತಿತ್ತು. ಗುಂಡಿ ಹೋದ ಕಡೆ ಪಿನ್ನು. ಬೆಳೆಯುವ ಹುಡುಗ ಎಂದು ಎರಡು ಅಳತೆ ದೊಡ್ಡದಾಗಿ ಹೊಲಿಸಿದ ಚಡ್ಡಿಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಓಡುವುದು ಎಲ್ಲರ ನೆನಪು.

ಸರ್ಕಾರಿ ಶಾಲೆಗಳಲ್ಲಿ ಬಿಳಿ-ಖಾಕಿ ಹೋಗಿ ತಿಳಿನೀಲಿ-ಕಡುನೀಲಿ ಬಂತು. ಹೈಸ್ಕೂಲು ಹುಡುಗಿಯರಿಗೆ ಲಂಗದ ಬದಲು ಚೂಡಿದಾರ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿದ ಮೇಲೆ ತಾಂಡಾಗಳಿಂದ, ದೂರದ ಹಳ್ಳಿಗಳಿಂದ ಪೆಡಲ್ ತುಳಿದು ಬರುವ ಹುಡುಗಿಗೆ ಚೂಡಿದಾರವೇ ಸಲೀಸಾಯಿತು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಯ ತಾಂಡಾಗಳ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ವರ್ಷಕ್ಕೊಮ್ಮೆ ಗುಳೆ ಹೋಗುತ್ತವೆ. ಅಂಥ ಮನೆಯ ಮಗುವಿಗೆ ಸಮವಸ್ತ್ರವೇ ಇರುವುದರಲ್ಲಿ ಒಳ್ಳೆಯ ಬಟ್ಟೆ, ಮದುವೆಗೂ ಅದೇ, ಜಾತ್ರೆಗೂ ಅದೇ. ಸಮವಸ್ತ್ರ ಬೇಡವೇ ಬೇಡ ಎನ್ನುವ ವಾದ ಪಟ್ಟಣದ್ದು. ಇಲ್ಲಿ ಅದಕ್ಕೆ ಬೆಲೆಯಿಲ್ಲ.

ಉಚಿತ ಬಟ್ಟೆ ಬರುವುದು ‘ವಿದ್ಯಾವಿಕಾಸ’ ಯೋಜನೆಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಅದು ಸರ್ಕಾರದ ಕೃಪೆಯಾಗಿ ಉಳಿಯದೆ ಮಗುವಿನ ಹಕ್ಕಾಯಿತು. ಕೊಡಬೇಕಾದ ಎರಡನೇ ಜೊತೆ ಸಮಯಕ್ಕೆ ಸಿಗದ ವಿಷಯ ಹೈಕೋರ್ಟಿನವರೆಗೂ ಹೋಯಿತು. ಒಂದೇ ಜೊತೆ ಇದ್ದ ಮಗು ಮಾರ್ಚ್ ತಿಂಗಳಲ್ಲಿ ಏನು ಮಾಡಬೇಕು? ನಿನ್ನೆಯ ಬೆವರು ಒಣಗಿ ಉಪ್ಪಿನ ಗೆರೆ ಮೂಡಿದ ಅಂಗಿಯನ್ನೇ ಇಂದೂ ತೊಡಬೇಕು, ಇಲ್ಲವೇ ರಾತ್ರಿ ಒಗೆದು ಬೆಳಿಗ್ಗೆ ಹಾಕಿಕೊಳ್ಳಬೇಕು. ರಾತ್ರಿ ಒಗೆದದ್ದು ಬೆಳಗಾಗುವುದರೊಳಗೆ ಒಣಗುವುದಕ್ಕೆ ಬಟ್ಟೆ ಪಾಲಿಯೆಸ್ಟರ್ ಬೆರಕೆಯದಾಗಿರಬೇಕು. ಬಾಳಿಕೆ, ಬೆಲೆ, ಬಣ್ಣ ಬಿಡದಿರುವುದು ಎಲ್ಲ ಸೇರಿ ಶಾಲಾ ಬಟ್ಟೆಯಲ್ಲಿ ಬೆರಕೆ ನೂಲು ಗೆದ್ದಿತು. ಬಿಸಿಲಿನ ಪ್ರಶ್ನೆ ನಿಜವಾಗಿ ಬಿಗಡಾಯಿಸಿದ್ದು ಇಲ್ಲಿ. ಜವಳಿಯವರ ಅಳತೆಯಲ್ಲಿ ಹತ್ತಿ ತನ್ನ ಒಣತೂಕದ ಶೇಕಡಾ 8.5ರಷ್ಟು ತೇವವನ್ನು ಗಾಳಿಯಿಂದ ಹೀರಿ ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಬರೀ 0.4. ಬೆವರು ಬಟ್ಟೆಗೆ ಇಳಿದು ಆರಿದರೆ ಮೈ ತಣ್ಣಗಾಗುತ್ತದೆ. ಇಳಿಯದೆ ಚರ್ಮದ ಮೇಲೇ ನಿಂತರೆ ಅಂಗಿ ಬೆನ್ನಿಗೆ ಅಂಟಿ ಬೆವರುಸಾಲೆ ಏಳುತ್ತದೆ. ಕಡುನೀಲಿ ಬಟ್ಟೆ ಬಿಸಿಲನ್ನು ಬಿಳಿಯದಕ್ಕಿಂತ ಹೆಚ್ಚು ಕುಡಿಯುತ್ತದೆ. ಹತ್ತಿ ಬೆಳೆಯುವ, ಜೀನ್ಸ್ ಹೊಲಿದು ದೇಶಕ್ಕೆಲ್ಲ ಕಳಿಸುವ ಬಳ್ಳಾರಿಯ ಮಗ್ಗುಲಲ್ಲೇ ಮಕ್ಕಳ ಮೈಮೇಲೆ ಶುದ್ಧ ಹತ್ತಿ ಕಡಿಮೆಯಾಯಿತು.

ಚಡ್ಡಿಯ ಕಥೆ ಬೇರೆ. 2017ರ ಜೂನಿನಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದ ಶಾಲೆಯೊಂದರ ಹುಡುಗರು, ಸೆಕೆಗೆ ಚಡ್ಡಿ ಹಾಕಲು ಬಿಡದ ಶಾಲೆಯ ವಿರುದ್ಧ ಹುಡುಗಿಯರ ಲಂಗ ತೊಟ್ಟು ಬಂದರು. ಸುದ್ದಿ ಲೋಕವೆಲ್ಲ ಸುತ್ತಿತು. ನಮ್ಮಲ್ಲಿ ಇದು ತಿರುವುಮುರುವು. ಮೀಸೆ ಚಿಗುರುವ ಹುಡುಗನಿಗೆ ಚಡ್ಡಿ ಎಂದರೆ ನಾಚಿಕೆ, ಅವನಿಗೆ ಬೇಕಾದದ್ದು ಪ್ಯಾಂಟು. ಸೆಕೆಗಿಂತ ಮರ್ಯಾದೆ ದೊಡ್ಡದು. ಜಪಾನಿನಲ್ಲಿ ಈ ಜಗಳವನ್ನು ಕ್ಯಾಲೆಂಡರಿಗೆ ಒಪ್ಪಿಸಿಬಿಟ್ಟಿದ್ದಾರೆ: ಜೂನ್ 1ಕ್ಕೆ ಬೇಸಿಗೆಯ ಸಮವಸ್ತ್ರ, ಅಕ್ಟೋಬರ್ 1ಕ್ಕೆ ಚಳಿಗಾಲದ್ದು. ಆ ದೇಶಕ್ಕಿಂತ ಎಷ್ಟೋ ಪಾಲು ಬಿಸಿಲು ಕಾಣುವ ಈ ತಾಲ್ಲೂಕುಗಳಲ್ಲಿ ವರ್ಷವಿಡೀ ಒಂದೇ ಉಡುಪು. ಶನಿವಾರದ ಬೆಳಗಿನ ಶಾಲೆಗೆ ಕೆಲವೆಡೆ ಬಿಳಿ ಡ್ರೆಸ್ಸು ಇದೆ. ಅದು ಬಂದದ್ದು ಡ್ರಿಲ್ಲಿನ ಸಲುವಾಗಿ, ಸೆಕೆಯ ಸಲುವಾಗಿ ಅಲ್ಲ.

ಕಟ್ಟುನಿಟ್ಟು ಎಂದರೆ ಏನೆಂದು ಈ ಊರುಗಳಿಗೆ ಕಲಿಸಿದ್ದು ಇಂಗ್ಲಿಷ್ ಮಾಧ್ಯಮದ ‘ಕಾನ್ವೆಂಟ್’ ಶಾಲೆಗಳು. ಪಾದ್ರಿಗಳಿಗೂ ಇವುಗಳಲ್ಲಿ ಬಹಳಷ್ಟಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಉಳಿದಿದೆ. ಟೈ, ಬೆಲ್ಟು, ಬ್ಯಾಡ್ಜು, ಮೊಣಕಾಲಿನವರೆಗೆ ಸಾಕ್ಸು, ಪಾಲಿಶ್ ಮಾಡಿದ ಕರಿ ಶೂ. ಹುಡುಗಿಯರಿಗೆ ಮಡಚಿ ಕಟ್ಟಿದ ಎರಡು ಜಡೆ, ಗೊತ್ತಾದ ಬಣ್ಣದ ರಿಬ್ಬನ್ನು. ಭೌಗೋಳಿಕ ಗುರುತು ಪಡೆದ ಮಲ್ಲಿಗೆಯ ಊರು ಹಡಗಲಿಯಲ್ಲೂ ಜಡೆಗೆ ಹೂವು ಮುಡಿದರೆ ಪ್ರಶ್ನೆ. ಇವನ್ನು ಹೇರಿದವರು ಶಾಲೆಯವರು ಮಾತ್ರ ಎನ್ನುವುದು ಪೂರ್ತಿ ನಿಜವಲ್ಲ. ಟೈ ಕಟ್ಟಿಕೊಂಡು ವ್ಯಾನು ಹತ್ತುವ ಮಗನನ್ನು ನೋಡಿ ಬೀಗುವ ಅಪ್ಪನೂ ಇದರಲ್ಲಿ ಪಾಲುದಾರ. ಮಧ್ಯಾಹ್ನ ಎರಡರ ಹೊತ್ತಿಗೆ ತಗಡಿನ ಮಾಡಿನ ಕೋಣೆಯಲ್ಲಿ ಅದೇ ಮಗ ಟೈಯನ್ನು ಎರಡು ಬೆರಳು ಸಡಿಲಿಸಿ, ಪೀಟಿ ಮಾಸ್ತರರ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಮೇಲೆಳೆದುಕೊಳ್ಳುವುದು ಅಪ್ಪನ ಕಣ್ಣಿಗೆ ಬೀಳುವುದಿಲ್ಲ.

ಕಾನೂನು ಇದನ್ನೆಲ್ಲ ಕೇಳಿದೆಯೇ? ಇಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ 1983ರದು, ಜಾರಿಗೆ ಬಂದದ್ದು 1995ರಲ್ಲಿ. ಅದೇ ವರ್ಷದ ನಿಯಮಗಳಲ್ಲಿ 11ನೆಯದು ಸಮವಸ್ತ್ರದ್ದು. ಮಾನ್ಯತೆ ಪಡೆದ ಪ್ರತಿ ಶಾಲೆ ತನ್ನ ಸಮವಸ್ತ್ರವನ್ನು ತಾನೇ ಗೊತ್ತುಮಾಡಬಹುದು. ಒಮ್ಮೆ ಗೊತ್ತುಮಾಡಿದ್ದನ್ನು ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಿದ್ದರೆ ಒಂದು ವರ್ಷ ಮೊದಲೇ ಪಾಲಕರಿಗೆ ತಿಳಿಸಬೇಕು. ಬಟ್ಟೆಯನ್ನು ಶಾಲೆ ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕು, ಅವರು ಹೇಳಿದ ದರ್ಜಿಯ ಹತ್ತಿರವೇ ಹೊಲಿಸಬೇಕು ಎಂಬ ಒತ್ತಾಯ ಕೂಡದು. ಪಾಲಕರ ಜೇಬಿನ ಬಗ್ಗೆ ಇಷ್ಟು ಕಾಳಜಿ ತೋರಿದ ನಿಯಮದಲ್ಲಿ ಹವಾಮಾನದ ಮಾತಿಲ್ಲ. 2022ರಲ್ಲಿ ರಾಜ್ಯದಲ್ಲಿ ಸಮವಸ್ತ್ರದ ದೊಡ್ಡ ವಿವಾದ ಎದ್ದು, ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂದು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಈ ನಿಯಮವೂ ಆಗ ಚರ್ಚೆಗೆ ಬಂತು. ವಾದವೆಲ್ಲ ಹಿಜಾಬು, ಧರ್ಮ, ಶಿಸ್ತಿನ ಸುತ್ತ ನಡೆಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ಉತ್ತರ ಭಾರತ ಕಾದ ಹೆಂಚಾಗಿದ್ದಾಗ ಕೇಂದ್ರ ಶಿಕ್ಷಣ ಸಚಿವಾಲಯ ಶಾಲೆಗಳಿಗೆ ಸಲಹೆ ಕಳಿಸಿತು. ಬೆಳಿಗ್ಗೆ 7ಕ್ಕೇ ಶುರುಮಾಡಿ, ಟೈಯಂಥ ಕಟ್ಟುಪಾಡು ಸಡಿಲಿಸಿ, ಚರ್ಮದ ಶೂ ಬದಲು ಕ್ಯಾನ್ವಾಸ್ ಶೂ ಇರಲಿ, ಸಡಿಲವಾದ ತಿಳಿ ಬಣ್ಣದ ಹತ್ತಿ ಬಟ್ಟೆ ಒಳ್ಳೆಯದು ಎಂದು ಅದರಲ್ಲಿತ್ತು. ಕೋವಿಡಿನಿಂದ ಹಿಂದುಳಿದ ಪಾಠ ತುಂಬಿಸಲು ಕರ್ನಾಟಕ ಆ ವರ್ಷ ಶಾಲೆಗಳನ್ನು ಎರಡು ವಾರ ಮುಂಚೆ, ಮೇ 16ಕ್ಕೇ ತೆರೆದಿತ್ತು. ಸಲಹೆ ಸಕಾಲಕ್ಕೇ ಬಂದಿತ್ತೆನ್ನಬೇಕು. ಸಲಹೆ ಆದೇಶವಲ್ಲ, ಕಟ್ಟುವುದೂ ಬಿಚ್ಚುವುದೂ ಆಯಾ ಶಾಲೆಯ ಮರ್ಜಿ.

ದೊಡ್ಡವರ ವಿಷಯದಲ್ಲಿ ಸರ್ಕಾರ ಇಷ್ಟು ಸಂಕೋಚಪಟ್ಟಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ವಿಜಯನಗರ ಜಿಲ್ಲೆಗೂ ಅದು ಅನ್ವಯ. 1997ರಲ್ಲಿ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿದಾಗ ಈ ಬೇಸಿಗೆ ಗಂಟೆಯೂ ಅದರ ಜೊತೆ ಮರಳಿತು. ವಕೀಲರ ಕರಿ ಕೋಟು ಕೆಳಹಂತದ ಕೋರ್ಟುಗಳಲ್ಲಿ ಬೇಸಿಗೆಗೆ ಕಡ್ಡಾಯವಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲೇ ಇದೆ. 2024ರ ಏಪ್ರಿಲ್ 18ರಿಂದ ಮೇ 31ರವರೆಗೆ ಕರ್ನಾಟಕ ಹೈಕೋರ್ಟ್ ಅದಕ್ಕಾಗಿ ಪ್ರತ್ಯೇಕವಾಗಿಯೂ ವಿನಾಯಿತಿ ಕೊಟ್ಟಿತು.

ಮಕ್ಕಳ ಪಾಲಿಗೆ ಬರಹದಲ್ಲಿ ಸಿಕ್ಕ ಸಡಿಲಿಕೆ ಕಾಲಿನದು. 2015-16ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕರಿ ಶೂ, ಎರಡು ಜೊತೆ ಬಿಳಿ ಸಾಕ್ಸು ಉಚಿತ. ಒಂದರಿಂದ ಐದನೇ ತರಗತಿಗೆ ತಲಾ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು-ಹತ್ತಕ್ಕೆ 325. ಖರೀದಿ ಮಾಡುವುದು ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ). ಬರಿಗಾಲಿನಲ್ಲಿ ಕಾದ ಮಣ್ಣು ತುಳಿಯುತ್ತಿದ್ದ ಮಗುವಿಗೆ ಇದು ದೊಡ್ಡ ವರವೇ ಸರಿ. ಆದರೆ ಬಿಸಿಲಿನಲ್ಲಿ ಸಾಕ್ಸು ತೊಯ್ದು ಬೆರಳ ಸಂದಿನಲ್ಲಿ ನವೆಯೆದ್ದಾಗ ಗೊತ್ತಾಯಿತು, ಎಲ್ಲ ಊರಿಗೂ ಒಂದೇ ಪಾದರಕ್ಷೆ ಹೊಂದದು ಎಂದು. ಮುಂದಿನ ಆದೇಶಗಳಲ್ಲಿ ಸ್ಥಳೀಯ ಹವೆಗೆ ತಕ್ಕಂತೆ ಶೂ ಬದಲು ಸ್ಯಾಂಡಲ್ ಕೊಳ್ಳಬಹುದು ಎಂಬ ಮಾತು ಸೇರಿತು. ರಾಜ್ಯದ ಸಮವಸ್ತ್ರದ ಚರಿತ್ರೆಯಲ್ಲಿ ಇದು ಸಣ್ಣ ಮಾತಲ್ಲ: ಹವೆ ನೋಡಿ ಉಡುಪು ಎಂಬ ತತ್ವವನ್ನು, ಪಾದದ ಮಟ್ಟಿಗಾದರೂ, ಸರ್ಕಾರ ಬರೆದು ಒಪ್ಪಿದೆ.

ಡ್ರೆಸ್ಸು ಹಾಕದ ಮಗುವನ್ನು ಪ್ರೇಯರ್ ಮುಗಿದ ಮೇಲೂ ಬಯಲಿನಲ್ಲಿ ನಿಲ್ಲಿಸುವ ಪರಿಪಾಠ ಹಿಂದೆ ಎಲ್ಲ ಕಡೆಯೂ ಇತ್ತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಉರಿಬಿಸಿಲಿನಲ್ಲಿ ನಿಲ್ಲಿಸುವುದು ಎರಡೂ ಹೌದು. ಬೇಸಿಗೆಗೆ ಉಡುಪು ಸಡಿಲಿಸುವುದಕ್ಕೂ ನಿಯಮ ಅಡ್ಡಿಯಲ್ಲ: ಐದು ವರ್ಷದ ಕಟ್ಟು, ಒಂದು ವರ್ಷದ ಮುನ್ಸೂಚನೆ ಸಮವಸ್ತ್ರವನ್ನೇ ಬದಲಿಸುವವರಿಗೆ. ಮಾರ್ಚ್ ಒಂದನೇ ತಾರೀಖಿನಿಂದ ಟೈ ಮನೆಯಲ್ಲಿಟ್ಟು, ಚಪ್ಪಲಿ ಮೆಟ್ಟಿ, ತಲೆಗೆ ಟೋಪಿ ಹಾಕಿ ಬನ್ನಿ ಎನ್ನುವುದಕ್ಕೆ ಮುಖ್ಯೋಪಾಧ್ಯಾಯರು ನೋಟಿಸ್ ಬೋರ್ಡಿಗೆ ಹಚ್ಚುವ ಒಂದು ಹಾಳೆ ಸಾಕು.